ಲಾಕ್‌ಡೌನ್ ಸುದ್ದಿ ಊರಿಗೆ ಮುಟ್ಟಿಸುವುದು: ಗ್ರಾಮ ಪಂಚಾಯಿತಿಗಳಿಗೆ ಕೈಪಿಡಿ

2020ರ ಲಾಕ್‌ಡೌನ್ ಮಾರ್ಚ್ 25ಕ್ಕೆ ಶುರುವಾಗಿ ಏಪ್ರಿಲ್ 14ಕ್ಕೆ ಮುಗಿಯಬೇಕಿತ್ತು. ಅದು ಮೇ 3, ಮೇ 17, ಮೇ 31 ಎಂದು ಮುಂದಕ್ಕೆ ಹೋಗುತ್ತಲೇ ಇತ್ತು. 2021ರಲ್ಲಿ ಕರ್ನಾಟಕದಲ್ಲಿ ಆಗಿದ್ದೂ ಅದೇ: ಏಪ್ರಿಲ್ 27ರ ರಾತ್ರಿಯಿಂದ ಹದಿನಾಲ್ಕು ದಿನದ ಕರ್ಫ್ಯೂ, ಮೇ 10ರಿಂದ ಬಿಗಿ ಲಾಕ್‌ಡೌನ್, ಆಮೇಲೆ ಮೇ 24, ಜೂನ್ 7, ಜೂನ್ 14. ಇಷ್ಟು ಸಲ ದಿನಾಂಕ ಬದಲಾದರೆ ಊರಲ್ಲಿ ಒಂದೇ ಹೊತ್ತಿಗೆ ಮೂರು ಬಗೆಯ ಸುದ್ದಿ ಓಡಾಡುತ್ತವೆ. ಡೈರಿ ಗೋಡೆಯ ಮೇಲೆ ಒಂದು, ಮೊಬೈಲಿನಲ್ಲಿ ಇನ್ನೊಂದು, ಟಿವಿಯಲ್ಲಿ ಮತ್ತೊಂದು. ಮೂರೂ ಒಂದು ಕಾಲಕ್ಕೆ ನಿಜವೇ ಆಗಿದ್ದವು, ಅದೇ ತೊಂದರೆ. ಆದ್ದರಿಂದ ಹೊಸ ಸುದ್ದಿ ಮುಟ್ಟಿಸುವುದು ಅರ್ಧ ಕೆಲಸ, ಹಳೆಯದನ್ನು ಊರಿಂದ ತೆಗೆಸುವುದು ಇನ್ನರ್ಧ. ಮುಂದೆ ಹೇಳುವುದೆಲ್ಲ ಈ ಎರಡನ್ನೂ ಒಟ್ಟಿಗೆ ಮಾಡುವ ವಿಧಾನ.

ಒಬ್ಬರು, ಒಂದು ಪುಸ್ತಕ

ಪಂಚಾಯಿತಿಯ ಕೋವಿಡ್ ಕಾರ್ಯಪಡೆಯಲ್ಲಿ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ), ಅಧ್ಯಕ್ಷರು, ಆಶಾ, ಅಂಗನವಾಡಿ ಕಾರ್ಯಕರ್ತೆ, ಬಿಲ್ ಕಲೆಕ್ಟರ್, ನೀರುಗಂಟಿ ಎಲ್ಲರೂ ಇರುತ್ತಾರೆ. ಎಲ್ಲರೂ ಸುದ್ದಿ ಹೇಳಲು ಹೊರಟರೆ ಕೆಲಸ ಕೆಟ್ಟಿತು. ಸೂಚನೆ ಹೊರಡಿಸುವ ಜವಾಬ್ದಾರಿ ಒಬ್ಬರದು, ಅವರು ರಜೆಯಲ್ಲೋ ಕ್ವಾರಂಟೈನ್‌ನಲ್ಲೋ ಇದ್ದರೆ ಯಾರದು ಎಂಬುದೂ ಮೊದಲೇ ಗೊತ್ತಾಗಿರಬೇಕು. ಉಳಿದವರು ಆ ಸೂಚನೆಯನ್ನು ಇದ್ದದ್ದು ಇದ್ದ ಹಾಗೆ ದಾಟಿಸಬೇಕು, ತಮ್ಮದೊಂದು ಸಾಲು ಸೇರಿಸಬಾರದು.

200 ಪುಟದ ಒಂದು ನೋಟ್‌ಬುಕ್ ಸಾಕು. ಪ್ರತಿ ಸೂಚನೆಗೂ ಕ್ರಮಸಂಖ್ಯೆ, ಹೊರಡಿಸಿದ ದಿನ ಮತ್ತು ಗಂಟೆ, ಯಾವ ಆದೇಶದ ಆಧಾರ, ಯಾವಾಗ ಮುಗಿಯುತ್ತದೆ, ಎಲ್ಲೆಲ್ಲಿ ಅಂಟಿಸಿದೆ ಅಥವಾ ಕೂಗಿಸಿದೆ, ಇಷ್ಟು ಬರೆಯಿರಿ. ಕೊನೆಯ ಕಾಲಂ ಬೇಸರದ ಕೆಲಸ ಅನ್ನಿಸುತ್ತದೆ. ಆದರೆ ಸೂಚನೆ ರದ್ದಾದ ದಿನ ಏಳು ಗೋಡೆಗಳ ಪೈಕಿ ಯಾವ ಗೋಡೆಗೆ ಹೋಗಿ ಹರಿಯಬೇಕು ಎಂದು ಹೇಳುವುದು ಅದೊಂದೇ.

ಸಂಪರ್ಕಕ್ಕೆ ಕಚೇರಿಯ ಅಥವಾ ಹುದ್ದೆಯ ನಂಬರ್ ಕೊಡಿ, ಸದಸ್ಯರ ಸ್ವಂತ ನಂಬರ್ ಬೇಡ. 2020ರಲ್ಲಿ ಪಂಚಾಯಿತಿಗಳ ಅವಧಿ ನಡುವೆಯೇ ಮುಗಿದು, ಡಿಸೆಂಬರ್ 22 ಮತ್ತು 27ರ ಚುನಾವಣೆ ಆಗುವವರೆಗೆ ಆಡಳಿತಾಧಿಕಾರಿಗಳು ನೋಡಿಕೊಂಡರು. ಮಾಜಿಯಾದವರ ಫೋನಿಗೆ ಜನ ಕರೆ ಮಾಡುತ್ತಿದ್ದರೆ ಇಬ್ಬರಿಗೂ ಕಿರಿಕಿರಿ. ಸಹಾಯವಾಣಿಗಳದ್ದೂ ಅಷ್ಟೇ: ಆರೋಗ್ಯ ಸಲಹೆಗೆ 104, ಆಂಬುಲೆನ್ಸ್‌ಗೆ 108, ತುರ್ತಿಗೆ 112, ಮಕ್ಕಳಿಗೆ 1098, ಕೋವಿಡ್ ಕಾಲದ ಆಪ್ತಮಿತ್ರ 14410, ಹೀಗೆ ಯಾವುದನ್ನೇ ಬೋರ್ಡಿಗೆ ಬರೆಯುವ ಮುಂಚೆ ನೀವೇ ಒಮ್ಮೆ ಡಯಲ್ ಮಾಡಿ ನೋಡಿ. ರಿಂಗ್ ಆಗದ ನಂಬರ್ ಒಂದಿದ್ದರೆ ಉಳಿದ ನಾಲ್ಕನ್ನೂ ಜನ ನಂಬುವುದಿಲ್ಲ.

ಆದೇಶವನ್ನು ಮಾತಿಗಿಳಿಸುವುದು

ಮೇಲಿಂದ ಬರುವ ಆದೇಶ ಅಧಿಕಾರಿಗಳಿಗೆ ಬರೆದದ್ದು. “ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಉಲ್ಲೇಖ (2)ರ ಮಾರ್ಗಸೂಚಿಗಳನ್ವಯ ಅಗತ್ಯ ಸೇವೆಗಳನ್ನು ಹೊರತುಪಡಿಸಿ ಉಳಿದೆಲ್ಲ ಚಟುವಟಿಕೆಗಳನ್ನು ನಿರ್ಬಂಧಿಸಿ” ಎಂದು ಮೈಕಿನಲ್ಲಿ ಓದಿದರೆ ಕೇಳಿದವರಿಗೆ ಉಳಿಯುವುದು ಏನೋ ಬಂದ್ ಆಗಿದೆ ಎಂಬ ಗಾಬರಿ ಮಾತ್ರ. ಊರವರ ಪ್ರಶ್ನೆಗಳು ನಾಲ್ಕೈದೇ: ಅಂಗಡಿ ಎಷ್ಟೊತ್ತಿಗೆ? ಹೊಲಕ್ಕೆ ಹೋಗಬಹುದಾ? ಡೈರಿಗೆ ಹಾಲು ಹಾಕಬಹುದಾ? ಆಸ್ಪತ್ರೆಗೆ ಹೋಗಬೇಕಾದರೆ ಯಾರನ್ನು ಕೇಳಬೇಕು? ಎಲ್ಲಿಯವರೆಗೆ? ಆದೇಶವನ್ನು ಎದುರಿಗಿಟ್ಟುಕೊಂಡು ಈ ಪ್ರಶ್ನೆಗಳಿಗೆ ಉತ್ತರ ಹುಡುಕಿ ಬರೆಯಿರಿ. ಉತ್ತರ ಸಿಗದಿದ್ದರೆ ಊಹೆ ಮಾಡದೆ ತಾಲ್ಲೂಕು ಕಚೇರಿಗೆ ಫೋನ್ ಮಾಡಿ ಕೇಳಿ.

2021ರ ಮೇ ಆದೇಶವನ್ನೇ ತೆಗೆದುಕೊಂಡರೆ ಸೂಚನೆ ಹೀಗಿರಬೇಕು:

“ಸೂಚನೆ 14. ಮೇ 9, ಭಾನುವಾರ. ಮೇ 10 ಸೋಮವಾರ ಬೆಳಿಗ್ಗೆ 6ರಿಂದ ಮೇ 24 ಸೋಮವಾರ ಬೆಳಿಗ್ಗೆ 6ರವರೆಗೆ ಲಾಕ್‌ಡೌನ್. ದಿನಸಿ, ತರಕಾರಿ ಅಂಗಡಿ ಬೆಳಿಗ್ಗೆ 6ರಿಂದ 10. ಔಷಧಿ ಅಂಗಡಿಗೆ ಸಮಯದ ಕಟ್ಟಿಲ್ಲ. ಹೊಲ, ತೋಟದ ಕೆಲಸಕ್ಕೆ ಅಡ್ಡಿಯಿಲ್ಲ. ಡೈರಿ ಎಂದಿನಂತೆ. ಆಸ್ಪತ್ರೆಗೆ ಹೋಗಲು ಗಾಡಿ ಬೇಕಾದವರು 108ಕ್ಕೆ ಫೋನ್ ಮಾಡಿ. ಇದು ಬಂದಿದ್ದರಿಂದ ಸೂಚನೆ 11 ರದ್ದು.”

ಇದರಲ್ಲಿ ‘ನಾಳೆ’ ಎಂಬ ಮಾತು ಇಲ್ಲ, ಬೇಕೆಂದೇ ಬಿಟ್ಟದ್ದು. ‘ನಾಳೆ ರೇಷನ್ ಕೊಡುತ್ತಾರೆ’ ಎಂಬ ಸಂದೇಶ ಮೂರು ದಿನ ಊರೆಲ್ಲ ಸುತ್ತಿದರೆ ಮೂರೂ ದಿನ ಅದಕ್ಕೆ ‘ನಾಳೆ’ಯೇ. ವಾರ ಮತ್ತು ದಿನಾಂಕ ಎರಡನ್ನೂ ಹಾಕಿ. ವಯಸ್ಸಾದವರು ವಾರ ಹಿಡಿಯುತ್ತಾರೆ, ದಿನಾಂಕವನ್ನಲ್ಲ. ಎರಡೂ ಇದ್ದರೆ ಒಂದು ತಪ್ಪಾದಾಗ ಓದಿದವರೇ ಎಚ್ಚರಿಸುತ್ತಾರೆ ಕೂಡ. ‘ಅಗತ್ಯ ವಸ್ತು’ ಎಂಬ ಪದವನ್ನೂ ಬಳಸಬೇಡಿ, ಅಂಗಡಿಯ ಹೆಸರೇ ಹೇಳಿ. ಗೊಬ್ಬರದಂಗಡಿ ಅಗತ್ಯವೋ ಅಲ್ಲವೋ ಎಂದು ಮುಂಗಾರಿನ ಮೊದಲ ವಾರ ಜಗಳ ಆಗುವುದು ಈ ಪದದಿಂದ.

ಮೈಕಿನ ಆಟೊ

ಆಟೊಗೋ ಕಸದ ಗಾಡಿಗೋ ಕೊಳವೆ ಸ್ಪೀಕರ್ ಕಟ್ಟಿ ಕಳಿಸುವುದು ಎಲ್ಲರಿಗೂ ಗೊತ್ತಿರುವ ದಾರಿ. ಕೆಡುವುದು ವೇಗದಲ್ಲಿ. ಗಂಟೆಗೆ 20 ಕಿಲೋಮೀಟರ್ ವೇಗದ ಗಾಡಿ 100 ಮೀಟರನ್ನು 18 ಸೆಕೆಂಡಿನಲ್ಲಿ ದಾಟುತ್ತದೆ. ನಿಮ್ಮ ಸೂಚನೆ 40 ಸೆಕೆಂಡ್ ಇದ್ದರೆ ಮನೆಯೊಳಗಿದ್ದವರ ಕಿವಿಗೆ ಬೀಳುವುದು ಅರ್ಧಕ್ಕಿಂತ ಕಡಿಮೆ, ಅದೂ ಹೆಚ್ಚಾಗಿ ‘ಗ್ರಾಮಸ್ಥರಲ್ಲಿ ವಿನಂತಿ’ ಎಂಬ ಭಾಗ. ಗಾಡಿ ಓಡುವಾಗ ಏನೂ ಹಾಕಬೇಡಿ. ಪ್ರತಿ ಕೇರಿಯ ತಿರುವಿನಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ, ಪೂರ್ತಿ ಸೂಚನೆಯನ್ನು ಎರಡು ಸಲ ಕೇಳಿಸಿ. ಮೊದಲನೆಯ ಸಲಕ್ಕೆ ಜನ ಮಿಕ್ಸಿ, ಟಿವಿ ಆರಿಸಿ ಬಾಗಿಲಿಗೆ ಬರುತ್ತಾರೆ, ಎರಡನೆಯ ಸಲಕ್ಕೆ ಕೇಳಿಸಿಕೊಳ್ಳುತ್ತಾರೆ. ಎಲ್ಲೆಲ್ಲಿ ನಿಲ್ಲಬೇಕು ಎಂಬುದನ್ನು ಚೀಟಿಯಲ್ಲಿ ಬರೆದು ಡ್ರೈವರ್ ಕೈಗೆ ಕೊಡಿ, ಇಲ್ಲದಿದ್ದರೆ ಅವರು ಟಾರು ರಸ್ತೆ ಬಿಟ್ಟು ಇಳಿಯುವುದಿಲ್ಲ.

ಮೊಬೈಲಿನಲ್ಲಿ ರೆಕಾರ್ಡ್ ಮಾಡುವುದಾದರೆ ಫ್ಯಾನ್ ಆರಿಸಿದ ಕೋಣೆಯಲ್ಲಿ, ಫೋನನ್ನು ಬಾಯಿಂದ ಒಂದು ಗೇಣು ದೂರದಲ್ಲಿ ಹಿಡಿದು, ಸಾಲು ಸಾಲಿನ ನಡುವೆ ಒಂದು ಉಸಿರು ಬಿಟ್ಟು ಓದಿ. ಕೊಳವೆ ಸ್ಪೀಕರಿನಲ್ಲಿ ತಗ್ಗು ದನಿ ಸರಿಯಾಗಿ ಬರುವುದಿಲ್ಲ, ಸ್ವಲ್ಪ ಏರು ದನಿ ಬೇಕು. ಹಿನ್ನೆಲೆ ಸಂಗೀತ ಹಾಕುವ ಉತ್ಸಾಹಿಗಳು ಎಲ್ಲ ಊರಲ್ಲೂ ಇದ್ದಾರೆ, ಕೈ ಮುಗಿದು ತಡೆಯಿರಿ. ಪೆನ್‌ಡ್ರೈವ್‌ನಲ್ಲಿ ಈ ದಿನದ ಒಂದೇ ಫೈಲ್ ಇರಲಿ. ಹಳೆಯದು ಉಳಿದಿದ್ದರೆ ಆಂಪ್ಲಿಫೈಯರ್ ಒಂದಾದ ಮೇಲೆ ಒಂದು ಹಾಡಿಸುತ್ತಾ ಹೋಗುತ್ತದೆ, ಡ್ರೈವರ್ ಗಮನಿಸುವಷ್ಟರಲ್ಲಿ ರದ್ದಾದ ಸೂಚನೆ ಎರಡು ಕೇರಿ ದಾಟಿರುತ್ತದೆ.

ಸಮಯ: ಜನ ಹೊಲದಿಂದ ಮರಳುವ ಸಂಜೆ, ಮತ್ತೆ ಬೆಳಿಗ್ಗೆ ಡೈರಿ ಹೊತ್ತು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕಕ್ಕೆ ನಿಷೇಧವಿದೆ. ಮಧ್ಯಾಹ್ನ ಕೂಗಿಸಿದ್ದು ವ್ಯರ್ಥ.

ಗಾಡಿ ಹೋಗದ ಓಣಿಗಳಿಗೆ ಡಂಗುರ ಈಗಲೂ ಚೆನ್ನಾಗಿ ಕೆಲಸ ಮಾಡುತ್ತದೆ. ಕೂಲಿ ಗೊತ್ತುಮಾಡಿ, ವೋಚರ್ ಬರೆಸಿ ಹಣ ಕೊಡಿ. ಇಂಥ ಮನೆತನದವರೇ ಬಂದು ಸಾರಬೇಕು ಎಂಬ ಬಿಟ್ಟಿ ಚಾಕರಿಯ ಹಳೇ ಚಾಳಿಯನ್ನು ಲಾಕ್‌ಡೌನ್ ನೆಪದಲ್ಲಿ ಮತ್ತೆ ಎಬ್ಬಿಸಬೇಡಿ.

ಮೊಬೈಲ್ ಗುಂಪು

ಊರಿಗೊಂದು ವಾಟ್ಸ್ಆ್ಯಪ್ ಗುಂಪು ಮಾಡಿ, ಅಡ್ಮಿನ್‌ಗಳು ಮಾತ್ರ ಬರೆಯುವಂತೆ ಸೆಟ್ಟಿಂಗ್ ಇಡಿ. ಪ್ರಶ್ನೆಗಳು ಅಡ್ಮಿನ್ ನಂಬರಿಗೆ ಬೇರೆಯಾಗಿ ಬರಲಿ. ಎಲ್ಲರೂ ಬರೆಯುವ ಗುಂಪಿನಲ್ಲಿ ಶುಭೋದಯದ ಚಿತ್ರಗಳ ಕೆಳಗೆ ಸೂಚನೆ ಹೂತುಹೋಗುತ್ತದೆ. ಬ್ರಾಡ್‌ಕಾಸ್ಟ್ ಪಟ್ಟಿ ಮಾಡುವವರು ಒಂದು ನೆನಪಿಡಬೇಕು: ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ, ಉಳಿದವರಿಗೆ ಹೋಗಿಲ್ಲ ಎಂದು ನಿಮಗೆ ಯಾರೂ ಹೇಳುವುದಿಲ್ಲ.

ಆದೇಶದ ಫೋಟೊ ತೆಗೆದು ಹಾಕಿ ಕೈ ತೊಳೆದುಕೊಳ್ಳಬೇಡಿ. ಸೂಚನೆಯನ್ನು ಅಕ್ಷರದಲ್ಲಿ ಟೈಪ್ ಮಾಡಿ, ಜೊತೆಗೆ ಓದಲು ಬಾರದವರಿಗಾಗಿ ಅದೇ ಮಾತಿನ ಧ್ವನಿ ಸಂದೇಶ ಹಾಕಿ. ಕಚೇರಿಯ ಕಂಪ್ಯೂಟರಿನಲ್ಲಿ ‘ನುಡಿ’ ತಂತ್ರಾಂಶದ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಹಾಗೇ ನಕಲಿಸಿ ಅಂಟಿಸಿದರೆ ಮೊಬೈಲಿನಲ್ಲಿ ಕನ್ನಡದ ಬದಲು ಚಿತ್ರವಿಚಿತ್ರ ಚಿಹ್ನೆಗಳು ಬರುತ್ತವೆ. ಯೂನಿಕೋಡ್‌ಗೆ ಪರಿವರ್ತಿಸಿ ಅಂಟಿಸಿ. ಪರಿವರ್ತಿಸಿದ ಮೇಲೆ ಅರ್ಕಾವತ್ತು ಮತ್ತು ಒತ್ತಕ್ಷರಗಳನ್ನು ಕಣ್ಣಾಡಿಸಿ ನೋಡಿ, ತಪ್ಪಾಗುವುದು ಹೆಚ್ಚಾಗಿ ಅಲ್ಲೇ.

ಸೂಚನೆ ಬದಲಾದರೆ ಹಳೇ ಸಂದೇಶಕ್ಕೇ ಉತ್ತರವಾಗಿ ‘ಇದು ರದ್ದು, ಸೂಚನೆ 14 ನೋಡಿ’ ಎಂದು ಹಾಕಿ. ಅಳಿಸಿಬಿಟ್ಟರೆ ಸಾಲದು, ಅಷ್ಟರಲ್ಲಿ ಅದು ಬೇರೆ ಗುಂಪುಗಳಿಗೆ ಹೋಗಿರುತ್ತದೆ. ಹಲವು ಕೈ ದಾಟಿದ ಸಂದೇಶಕ್ಕೆ ಎರಡು ಬಾಣದ ಗುರುತು ಬೀಳುತ್ತದೆ. 2020ರ ಏಪ್ರಿಲ್‌ನಿಂದ ಅಂಥದ್ದನ್ನು ಒಂದು ಸಲಕ್ಕೆ ಒಬ್ಬರಿಗೆ ಅಥವಾ ಒಂದೇ ಗುಂಪಿಗೆ ಮಾತ್ರ ದಾಟಿಸಲು ಸಾಧ್ಯ. ಪಂಚಾಯಿತಿಯ ಸೂಚನೆಗೂ ಇದೇ ನಿಯಮ, ಆದ್ದರಿಂದ ಪ್ರತಿ ಊರಿನ ಗುಂಪಿಗೂ ನೀವೇ ನೇರವಾಗಿ ಹಾಕುವುದು ಬೇಗ.

ರೇಷನ್, ಹಣ: ಸುದ್ದಿಯೇ ಜನರನ್ನು ಗುಂಪು ಸೇರಿಸುವಾಗ

ಲಾಕ್‌ಡೌನ್‌ನಲ್ಲಿ ಅತಿ ಹೆಚ್ಚು ನೂಕುನುಗ್ಗಲು ತರುವುದು ಒಳ್ಳೆಯ ಸುದ್ದಿ. 2020ರ ಏಪ್ರಿಲ್‌ನಿಂದ ಕೇಂದ್ರದ ಯೋಜನೆಯಲ್ಲಿ ತಲೆಗೆ 5 ಕೆಜಿ ಧಾನ್ಯ, ಮಹಿಳೆಯರ ಜನಧನ್ ಖಾತೆಗೆ ಮೂರು ತಿಂಗಳು 500 ರೂಪಾಯಿ ಬಂತು. ಹಣ ತೆಗೆಯಲು ಬ್ಯಾಂಕುಗಳು ಖಾತೆಯ ಕೊನೆಯ ಅಂಕಿ ನೋಡಿ ದಿನ ಹಂಚಿದವು: 0 ಮತ್ತು 1ಕ್ಕೆ ಏಪ್ರಿಲ್ 3, 2 ಮತ್ತು 3ಕ್ಕೆ ಏಪ್ರಿಲ್ 4, ಹೀಗೆ 9ರವರೆಗೆ. ಆದರೂ ತೆಗೆಯದಿದ್ದರೆ ಹಣ ವಾಪಸ್ ಹೋಗುತ್ತದೆ ಎಂಬ ವದಂತಿಗೆ ಹೆದರಿ ಹಲವು ಕಡೆ ಹೆಂಗಸರು ಮೊದಲ ದಿನವೇ ಸಾಲು ನಿಂತರು. ಸೂಚನೆಯಲ್ಲಿ ದಿನ ಹೇಳಿದರೆ ಸಾಲದು, ‘ತಡವಾಗಿ ಹೋದರೂ ನಿಮ್ಮ ಹಣ ಖಾತೆಯಲ್ಲೇ ಇರುತ್ತದೆ’ ಎಂಬ ಸಾಲು ಕಡ್ಡಾಯ.

ಕೊನೆಯ ಅಂಕಿಯ ಈ ಉಪಾಯವನ್ನು ನ್ಯಾಯಬೆಲೆ ಅಂಗಡಿಗೂ ಬಳಸಿ. ಲೆಕ್ಕ ಹೀಗೆ: ಹೆಬ್ಬೆಟ್ಟೋ ಒಟಿಪಿಯೋ ಆಗಿ, ತೂಗಿ ಕಳಿಸಲು ಕಾರ್ಡಿಗೆ 3 ನಿಮಿಷ ಎಂದರೆ ಗಂಟೆಗೆ 20 ಕಾರ್ಡು. 300 ಕಾರ್ಡಿನ ಅಂಗಡಿಗೆ ದಿನಕ್ಕೆ ಎರಡು ಅಂಕಿಯಂತೆ ಐದು ದಿನ ಹಂಚಿದರೆ ದಿನಕ್ಕೆ ಸುಮಾರು 60 ಕಾರ್ಡು, ಅಂದರೆ ಮೂರು ಗಂಟೆ. ಅಂಗಡಿ ನಾಲ್ಕು ಗಂಟೆ ತೆರೆದಿದ್ದರೆ ಒಂದು ಗಂಟೆ ಮಿಗುತ್ತದೆ. ಅದನ್ನು ಬಿಡುವೆಂದು ತಿಳಿಯಬೇಡಿ, ಸರ್ವರ್ ಕೈಕೊಡುವುದು ಗ್ಯಾರಂಟಿ. ಕೇರಿವಾರು ಹಂಚುವುದಕ್ಕಿಂತ ಇದು ಮೇಲು. ‘ಅವರ ಕೇರಿಗೆ ಮೊದಲು, ನಮಗೆ ಯಾಕೆ ಕೊನೆಗೆ’ ಎಂಬ ಮಾತಿಗೆ ಎಡೆಯಿಲ್ಲ. ಆರನೆಯ ದಿನ ತಪ್ಪಿಸಿಕೊಂಡವರಿಗೆ ಎಂದು ಅದೇ ಸೂಚನೆಯಲ್ಲಿ ಹೇಳಿ, ಆಗ ಯಾರೂ ಗಾಬರಿಯಿಂದ ಮುನ್ನುಗ್ಗುವುದಿಲ್ಲ.

ಸೋಂಕಿನ ಸುದ್ದಿ

ಯಾರಿಗೆ ಬಂದಿದೆ ಎಂಬುದು ಸೂಚನೆಯಲ್ಲಿ ಬರಕೂಡದು. ಹೆಸರು, ಮನೆ, ‘ಬೆಂಗಳೂರಿನಿಂದ ಬಂದ ಕುಟುಂಬ’ ಎಂಬ ಸುಳಿವು ಯಾವುದೂ ಬೇಡ. ಕ್ವಾರಂಟೈನ್‌ನಲ್ಲಿದ್ದವರ ವಿಳಾಸದ ಪಟ್ಟಿಗಳು 2020ರ ಮಾರ್ಚ್‌ನಲ್ಲಿ ಮೊಬೈಲಿಂದ ಮೊಬೈಲಿಗೆ ಹರಿದಾಡಿದವು. ಹೀಗೆ ಹೆಸರು ಬಯಲಾದ ಊರಲ್ಲಿ ಜ್ವರ ಬಂದವರು ಆಶಾ ಬಂದಾಗ ‘ಎಲ್ಲ ಚೆನ್ನಾಗಿದ್ದೀವಿ ಅಕ್ಕಾ’ ಎಂದು ಬಾಗಿಲು ಹಾಕಿಕೊಳ್ಳುತ್ತಾರೆ. ಹೇಳಬೇಕಾದದ್ದು ಯಾವ ರಸ್ತೆ ಮುಚ್ಚಿದೆ, ಎಲ್ಲಿಯವರೆಗೆ, ಒಳಗಿರುವವರಿಗೆ ಹಾಲು ಮತ್ತು ಮೇವು ಯಾರು ತಲುಪಿಸುತ್ತಾರೆ ಎಂಬುದು. ಮೇವು ಮರೆತರೆ ರಾತ್ರಿಯೊಳಗೆ ಬೇಲಿ ಬಿಚ್ಚಿರುತ್ತದೆ.

ಮನೆಯಲ್ಲೇ ಆರೈಕೆಯಲ್ಲಿರುವವರಿಗೆ ಒಂದು ಚೀಟಿ ಕೊಡಿ: ಆಕ್ಸಿಮೀಟರಿನಲ್ಲಿ ಆಮ್ಲಜನಕ 94ಕ್ಕಿಂತ ಇಳಿದರೆ 108. ಬೆರಳು ತಣ್ಣಗಿದ್ದರೆ, ಉಗುರುಬಣ್ಣ ಇದ್ದರೆ ಅಂಕಿ ತಪ್ಪು ತೋರಿಸುತ್ತದೆ. ಬೆರಳು ಉಜ್ಜಿ ಬೆಚ್ಚಗೆ ಮಾಡಿ, ಅಂಕಿ ನಿಂತ ಮೇಲೆ ಓದಬೇಕು. ಊರಿಗೆ ಸೋಂಕುನಿವಾರಕ ಔಷಧಿ ಸಿಂಪಡಿಸುವುದಾದರೆ ಅದರ ಸೂಚನೆ ಹಿಂದಿನ ಸಂಜೆಯೇ ಹೋಗಲಿ, ನೀರಿನ ಕೊಡ ಮುಚ್ಚಲು, ದನ ಒಳಗೆ ಕಟ್ಟಲು ಹೊತ್ತು ಬೇಕು. ಜನರ ಮೈಮೇಲೆ ಸಿಂಪಡಿಸಬಾರದೆಂದು ಕೇಂದ್ರ ಆರೋಗ್ಯ ಸಚಿವಾಲಯ 2020ರ ಏಪ್ರಿಲ್‌ನಲ್ಲೇ ಹೇಳಿದೆ.

ವದಂತಿ ಬಂದಾಗ ಅದನ್ನು ಮೈಕಿನಲ್ಲಿ ಹೇಳಿ ‘ಇದು ಸುಳ್ಳು’ ಎನ್ನಬೇಡಿ. ಅರ್ಧ ಕೇಳಿದವರಿಗೆ ವದಂತಿಯೇ ತಲುಪುತ್ತದೆ. ನಿಜವನ್ನಷ್ಟೇ ಹೇಳಿ.

ತಲುಪದೆ ಉಳಿಯುವವರು

ತೋಟದ ಮನೆಗಳು, ತಾಂಡಾ, ಹಾಡಿ, ಇಟ್ಟಿಗೆ ಗೂಡಿನ ಕೂಲಿಗಳು, ಒಂಟಿ ವೃದ್ಧರು. ಆಶಾ ಮತ್ತು ನೀರುಗಂಟಿ ಕೂತು ಈ ಪಟ್ಟಿಯನ್ನು ಒಂದು ಮಧ್ಯಾಹ್ನದಲ್ಲಿ ಮಾಡಿಬಿಡಬಹುದು, ಕಚೇರಿಯ ಯಾವ ಕಡತಕ್ಕಿಂತ ಅವರಿಗೆ ಹೆಚ್ಚು ಗೊತ್ತು. ಪ್ರತಿ ಮನೆಗೂ ಒಬ್ಬರನ್ನು ಗೊತ್ತುಮಾಡಿ: ಡೈರಿಗೆ ಬರುವ ಹುಡುಗ, ಪಕ್ಕದ ಹೊಲದವರು, ಯಾರಾದರೂ ಸರಿ. ಗೂಡಿನ ಕೂಲಿಗಳಿಗೆ ಕನ್ನಡ ಬಾರದಿದ್ದರೆ ಅವರಲ್ಲೇ ಒಬ್ಬರಿಂದ ಅವರ ಮಾತಿನಲ್ಲಿ ರೆಕಾರ್ಡ್ ಮಾಡಿಸಿ. ಗಡಿ ಜಿಲ್ಲೆಗಳಲ್ಲಿ ತೆಲುಗು, ಮರಾಠಿ, ಉರ್ದುವಿಗೂ, ಕರಾವಳಿಯಲ್ಲಿ ತುಳು, ಬ್ಯಾರಿಗೂ ಇದೇ ಕ್ರಮ. ಪಟ್ಟಿಯಲ್ಲಿರುವ ಎರಡು ಮನೆಗೆ ಪ್ರತಿ ಸೂಚನೆಯ ಮರುದಿನ ಫೋನ್ ಮಾಡಿ, ‘ಅಂಗಡಿ ಎಷ್ಟೊತ್ತಿಗೆ ಮುಚ್ಚುತ್ತೆ?’ ಎಂದು ಕೇಳಿ. ಸುದ್ದಿ ಬಂತಾ ಎಂದು ಕೇಳಿದರೆ ಎಲ್ಲರೂ ಬಂತು ಅನ್ನುತ್ತಾರೆ.

ಲಾಕ್‌ಡೌನ್ ತೆರವಾದ ದಿನಕ್ಕೂ ಒಂದು ಸೂಚನೆ ಬೇಕು, ಹಿಂದಿನವೆಲ್ಲ ರದ್ದು ಎಂದು. ಪುಸ್ತಕದ ಕೊನೆಯ ಕಾಲಂ ಹಿಡಿದು ನೀರುಗಂಟಿಯನ್ನು ಪ್ರತಿ ಗೋಡೆಗೂ ಕಳಿಸಿ. ಅಂಟಿನಿಂದ ಬಿಡದ ಕಾಗದಕ್ಕೆ ಬಕೆಟ್ ನೀರು, ಒಂದು ತೆಂಗಿನ ನಾರು ಸಾಕು. ಪೆನ್‌ಡ್ರೈವ್ ಖಾಲಿ ಮಾಡಿ, ಪುಸ್ತಕವನ್ನು ಸಹಿ ಹಾಕಿಸಿ ಬೀರುವಿನಲ್ಲಿಡಿ. ಆಟೊ ಬಾಡಿಗೆಯ ಲೆಕ್ಕ ಪರಿಶೋಧನೆಗೆ ಬಂದವರು ಮೊದಲು ಕೇಳುವುದು ಅದನ್ನೇ.