ಐದು ರೂಪಾಯಿ ಬಡ್ಡಿಯಿಂದ ಶುರು ಮಾಡಿ: ಸಾಲ ತೀರಿಸುತ್ತಲೇ ತಿಂಗಳು ದಾಟಿಸುವುದು ಹೇಗೆ?

ನಮ್ಮ ಮನೆಯ ಸಾಲದ ಲೆಕ್ಕ ಮೊದಲ ಸಲ ಬರೆದದ್ದು ಕ್ಯಾಲೆಂಡರ್ ಹಾಳೆಯ ಹಿಂದೆ. 2023ರ ದೀಪಾವಳಿ ಆಗಷ್ಟೇ ಮುಗಿದಿತ್ತು. ಕಿತ್ತಿಟ್ಟ ಅಕ್ಟೋಬರ್ ಹಾಳೆಯ ಮುಂದೆ ಹಾಲಿನ ಲೆಕ್ಕ, ಹಿಂದೆ ಸಾಲದ ಲೆಕ್ಕ. ನಾನು, ನನ್ನ ಹೆಂಡತಿ ನೆಲದ ಮೇಲೆ ಕೂತು ಬರೆಯುತ್ತಾ ಹೋದಂತೆ ಇಬ್ಬರಿಗೂ ಒಂದೊಂದು ಹೊಸ ವಿಷಯ ಗೊತ್ತಾಯಿತು. ಕಿರಾಣಿ ಅಂಗಡಿಯಲ್ಲಿ 4,300 ರೂಪಾಯಿ ಉದ್ರಿ ಇದೆ ಅಂತ ನನಗೆ ಗೊತ್ತಿರಲಿಲ್ಲ. ನಾನು ತಂದ ಕೈಗಡದ ಬಡ್ಡಿ ಐದು ರೂಪಾಯಿ ಅಂತ ಅವಳಿಗೆ ಗೊತ್ತಿರಲಿಲ್ಲ. ಅವತ್ತು ರಾತ್ರಿ ಊಟ ಸ್ವಲ್ಪ ತಡವಾಯಿತು.

ನಾನು ಬಳ್ಳಾರಿಯ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವವನು. ದಿನವಿಡೀ ಬೇರೆಯವರ ಲೆಕ್ಕ ಬರೆದು ಸ್ವಂತ ಮನೆಯದನ್ನು ಮಾತ್ರ ಬಿಟ್ಟಿದ್ದೆ. ಆಮೇಲೆ ಕಲಿತದ್ದನ್ನು ಮಾಡಿದ ಕ್ರಮದಲ್ಲೇ ಹೇಳುತ್ತೇನೆ.

ಮೊದಲು: ಎಲ್ಲ ಸಾಲವನ್ನೂ ಒಂದೇ ಅಳತೆಗೆ ತನ್ನಿ

ಸಾಲ ಎಷ್ಟಿದೆ ಅಂತ ಬರೆದರೆ ಸಾಲದು. ಪಕ್ಕದಲ್ಲಿ ಇನ್ನೊಂದು ಸಾಲು ಬೇಕು: ನೂರಕ್ಕೆ ತಿಂಗಳಿಗೆ ಎಷ್ಟು ಬಡ್ಡಿ? ನಮ್ಮ ಕಡೆ ಎಲ್ಲರಿಗೂ ಅರ್ಥವಾಗುವ ಅಳತೆ ಇದೊಂದೇ. ತೊಂದರೆ ಏನೆಂದರೆ ಸಾಲ ಕೊಡುವ ಒಬ್ಬೊಬ್ಬರದೂ ಒಂದೊಂದು ಭಾಷೆ. ಬ್ಯಾಂಕಿನವರು ವರ್ಷದ ಬಡ್ಡಿ ಹೇಳುತ್ತಾರೆ. ಅದನ್ನು 12ರಿಂದ ಭಾಗಿಸಿ. ವರ್ಷಕ್ಕೆ 12 ಅಂದರೆ ಒಂದು ರೂಪಾಯಿ ಬಡ್ಡಿ. ಸಾವಕಾರ ತಿಂಗಳದ್ದು ಹೇಳುತ್ತಾನೆ. ಐದು ರೂಪಾಯಿ ಅಂದರೆ ಕೇಳಲು ಸಣ್ಣದು, ವರ್ಷಕ್ಕೆ 60! ನಮ್ಮ ರಾಜ್ಯದಲ್ಲಿ ಲೈಸೆನ್ಸ್ ಇರುವ ಲೇವಾದೇವಿಯವರು ಅಡವು ಇಟ್ಟ ಸಾಲಕ್ಕೆ ವರ್ಷಕ್ಕೆ 14, ಅಡವಿಲ್ಲದ ಸಾಲಕ್ಕೆ 16 ದಾಟಿ ಬಡ್ಡಿ ಹಾಕುವಂತಿಲ್ಲ. ಇದು ನನಗೆ ತಡವಾಗಿ ಗೊತ್ತಾಯಿತು.

ಫ್ಲಾಟ್ ರೇಟ್ ಅನ್ನುವವರ ಬಗ್ಗೆ ಎಚ್ಚರ ಇರಲಿ. ಒಂದು ಲಕ್ಷ ಸಾಲ, ಎರಡು ವರ್ಷ, 12 ಫ್ಲಾಟ್ ಅಂದರೆ 24,000 ಬಡ್ಡಿ ಸೇರಿಸಿ ಕಂತು ಕಟ್ಟುತ್ತಾರೆ. ನೀವು ತಿಂಗಳು ತಿಂಗಳು ಅಸಲು ಇಳಿಸುತ್ತಿದ್ದರೂ ಬಡ್ಡಿ ಮಾತ್ರ ಪೂರ್ತಿ ಲಕ್ಷದ ಮೇಲೆಯೇ. ನಿಜವಾದ ದರ ವರ್ಷಕ್ಕೆ 21ರ ಮೇಲೆ ಬೀಳುತ್ತದೆ. ಬ್ಯಾಂಕು, ಫೈನಾನ್ಸ್‌ಗಳು ಈಗ ಸಾಲ ಕೊಡುವ ಮುಂಚೆ ಮುಖ್ಯ ವಿವರಗಳ ಒಂದು ಹಾಳೆ ಕೊಡಲೇಬೇಕು. ಅದರಲ್ಲಿ ಎಪಿಆರ್ ಅಂತ ಒಂದು ಅಂಕಿ ಇರುತ್ತದೆ, ಅಂದರೆ ಬಡ್ಡಿಯ ಜೊತೆ ಉಳಿದ ಶುಲ್ಕಗಳನ್ನೂ ಸೇರಿಸಿದ ವರ್ಷದ ನಿಜವಾದ ದರ. ಉಳಿದದ್ದೆಲ್ಲ ಆಮೇಲೆ ಓದಿ, ಮೊದಲು ಅದನ್ನು ಹುಡುಕಿ.

ಎಲ್ಲಕ್ಕಿಂತ ಮೋಸದ್ದು ದಿನದ ವಸೂಲಿ. ಸಂತೆಯಲ್ಲಿ, ಗಾಡಿ ವ್ಯಾಪಾರದಲ್ಲಿ ಇದು ಜಾಸ್ತಿ. ಹತ್ತು ಸಾವಿರ ಅಂತ ಬರೆಸಿಕೊಂಡು, ಸಾವಿರ ಮುರಿದು, ಒಂಬತ್ತು ಕೈಗೆ ಕೊಡುತ್ತಾರೆ. ದಿನಕ್ಕೆ ನೂರರಂತೆ ನೂರು ದಿನ ಕಟ್ಟಬೇಕು. "ಸಾವಿರ ತಾನೇ" ಅನಿಸುತ್ತದೆ. ಆದರೆ ಒಂಬತ್ತು ಸಾವಿರ ನಿಮ್ಮ ಹತ್ತಿರ ಪೂರ್ತಿ ನೂರು ದಿನ ಇರುವುದಿಲ್ಲ. ಮರುದಿನದಿಂದಲೇ ಇಳಿಯುತ್ತದೆ, ಸರಾಸರಿ ಇರುವುದು ನಾಲ್ಕೂವರೆ ಸಾವಿರ. ಅದಕ್ಕೆ ನೂರು ದಿನಕ್ಕೆ ಸಾವಿರ ಅಂದರೆ ವರ್ಷಕ್ಕೆ ನೂರಕ್ಕೆ 80ರ ಹತ್ತಿರ.

ನಮ್ಮ ಹಾಳೆಯಲ್ಲಿ ಇದ್ದದ್ದು ಇಷ್ಟು. ಅಪ್ಪನ ಸೊಂಟದ ಆಪರೇಷನ್‌ಗೆ ತಂದ ಕೈಗಡ 40,000, ಐದು ರೂಪಾಯಿ ಬಡ್ಡಿ. ಬ್ಯಾಂಕಿನಲ್ಲಿ ಬಳೆ ಇಟ್ಟು ತಂದ 60,000, ಒಂದು ರೂಪಾಯಿ. ಸಂಘದ ಸಾಲ 30,000, ಎರಡು ರೂಪಾಯಿ, ಕಂತು 1,900. ಬೈಕ್ ಕಂತು 2,600, ಇನ್ನೂ 11 ಬಾಕಿ. ಭಾವನ 25,000, ಬಡ್ಡಿ ಇಲ್ಲ. ಮತ್ತೆ ಆ ಉದ್ರಿ.

ನಾನು ರಾತ್ರಿ ನಿದ್ದೆಗೆಟ್ಟು ಯೋಚಿಸುತ್ತಿದ್ದದ್ದು ಭಾವನ ಸಾಲದ ಬಗ್ಗೆ. ಮುಖ ತೋರಿಸಲು ನಾಚಿಕೆ. ಹೆಂಡತಿಯ ಚಿಂತೆ ಬಳೆಯದು. ಆದರೆ ಮನೆ ತಿನ್ನುತ್ತಿದ್ದದ್ದು ಅವೆರಡೂ ಅಲ್ಲ. ಐದು ರೂಪಾಯಿ ಬಡ್ಡಿಗೆ ತಿಂಗಳಿಗೆ 2,000ದಂತೆ 14 ತಿಂಗಳು, ಒಟ್ಟು 28,000 ಕಟ್ಟಿದ್ದೆ. ಅಸಲು ಇನ್ನೂ 40,000 ಹಾಗೇ ಇತ್ತು.

ಎರಡನೆಯದು: ದುಬಾರಿ ಸಾಲವನ್ನು ಅಗ್ಗದ ಸಾಲದಿಂದ ಕೀಳಿ

ಸಾಲ ಮಾಡಿ ಸಾಲ ತೀರಿಸಬಾರದು ಅಂತ ಹಿರಿಯರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಹೊಸ ಬಡ್ಡಿ ಹಳೆಯದರ ಅರ್ಧಕ್ಕಿಂತ ಕಡಿಮೆ ಇದ್ದು, ತಂದ ದುಡ್ಡು ಪೈಸೆಯೂ ಬೇರೆ ಕಡೆ ಹೋಗದಿದ್ದರೆ ತೀರಿಸಬಹುದು, ತೀರಿಸಲೇಬೇಕು. ನಾವು ಹೆಂಡತಿಯ ಸರ ಬ್ಯಾಂಕಿನಲ್ಲಿಟ್ಟು 40,000 ತಂದು ಅವತ್ತೇ ಕೈಗಡ ಮುಟ್ಟಿಸಿದೆವು. 2,000 ಇದ್ದ ಬಡ್ಡಿ 400ಕ್ಕೆ ಇಳಿಯಿತು. ಸರ ಮಾರೋಣ ಅಂತ ನಾನು ಅಂದಿದ್ದೆ, ಅವಳು ಬೇಡ ಅಂದಳು. ಆಮೇಲೆ ಬಂಗಾರದ ರೇಟು ಏರಿದ್ದು ನೋಡಿದರೆ ಮಾರದೇ ಇದ್ದದ್ದೇ ಪುಣ್ಯ.

ಹೀಗೆ ಮಾಡುವವರು ಎರಡು ಕೆಲಸ ಮರೆಯಬೇಡಿ. ಕೈಗಡ ಕೊಟ್ಟವರ ಹತ್ತಿರ ಇರುವ ಖಾಲಿ ಚೆಕ್ಕು, ಬಾಂಡ್ ಪೇಪರ್ ವಾಪಸ್ ತೆಗೆದುಕೊಳ್ಳಿ. ಪೂರ್ತಿ ಮುಟ್ಟಿದೆ ಅಂತ ಒಂದು ಚೀಟಿಯಲ್ಲಾದರೂ ಬರೆಸಿಕೊಳ್ಳಿ. ನಾನು ಚೆಕ್ಕಿಗಾಗಿ ಮೂರು ಸಲ ಅಲೆದೆ. "ಎಲ್ಲೋ ಇಟ್ಟೀನಿ, ಸಿಕ್ರೆ ಕೊಡ್ತೀನಿ ಬಿಡು" ಅಂತಿದ್ದರು. ಬಿಡಲಿಲ್ಲ. ಇನ್ನೊಂದು, ಬಂಗಾರದ ಸಾಲಕ್ಕೆ ಬ್ಯಾಂಕು ವರ್ಷದ ಕೊನೆಗೆ ಕಟ್ಟಿ ಅಂದರೂ ನೀವು ಬಡ್ಡಿಯನ್ನು ತಿಂಗಳು ತಿಂಗಳು ಕಟ್ಟಿ. ಒಟ್ಟಿಗೆ ಕಟ್ಟುವ ದಿನ ದುಡ್ಡು ಇರುವುದಿಲ್ಲ, ಹರಾಜಿನ ನೋಟಿಸು ಬರುತ್ತದೆ.

ಅಡವಿಡಲು ಬಂಗಾರ ಇಲ್ಲದವರು ಸ್ತ್ರೀಶಕ್ತಿ ಸಂಘದಲ್ಲಿ ಕೇಳಿ. ಮೊಬೈಲ್ ಆ್ಯಪ್ ಸಾಲದ ಹತ್ತಿರ ಮಾತ್ರ ಸುಳಿಯಬೇಡಿ.

ಮೂರನೆಯದು: ಉದ್ರಿ ಮುಗಿಸಿ

ಬಡ್ಡಿ ಇಲ್ಲದ ಉದ್ರಿಯನ್ನು ಯಾಕೆ ಮುಂಚೆ ತೀರಿಸಬೇಕು ಅಂತ ಕೇಳಬಹುದು. ಉದ್ರಿಗೂ ಬಡ್ಡಿ ಇದೆ, ಕಾಣುವುದಿಲ್ಲ ಅಷ್ಟೇ. ಬಾಕಿ ಇರುವ ಅಂಗಡಿಯಲ್ಲಿ ನೀವು ರೇಟು ಕೇಳಲಾರಿರಿ. ಬೇಳೆ ಹಳೆಯದಿದ್ದರೂ ಸುಮ್ನೆ ಚೀಲಕ್ಕೆ ಹಾಕಿಕೊಳ್ಳುತ್ತೀರಿ. ಬೇರೆ ಅಂಗಡಿಗೆ ಹೋದರೆ ಇವರು ನೋಡುತ್ತಾರೇನೋ ಅಂತ ಸುತ್ತು ಹಾಕಿ ಬರುತ್ತೀರಿ. ನಾವು ಮೂರು ತಿಂಗಳಲ್ಲಿ ಉದ್ರಿ ಮುಗಿಸಿದೆವು. ಮಾರನೆಯ ತಿಂಗಳು ಅದೇ ಸಾಮಾನಿಗೆ ಕೊಟ್ಟ ದುಡ್ಡು ಕಡಿಮೆಯಾಯಿತು. ಪುಸ್ತಕದಲ್ಲಿ ಬರೆಸಿ ತರುವಾಗ ಬಿಸ್ಕತ್ತು, ಶ್ಯಾಂಪೂ ಪಾಕೀಟು ತಾವಾಗಿಯೇ ಬರುತ್ತಿದ್ದವು. ನೋಟು ಎಣಿಸಿ ಕೊಡುವಾಗ ಬರಲಿಲ್ಲ.

ಈಗ ತಿಂಗಳ ಲೆಕ್ಕ

ನನ್ನ ಪಗಾರ 19,000. ಹೆಂಡತಿ ಮನೆಯಲ್ಲಿ ಜೀನ್ಸ್ ಪ್ಯಾಂಟಿನ ದಾರ ಕತ್ತರಿಸುತ್ತಾಳೆ, ಸುಮಾರು 2,500. ಗೃಹಲಕ್ಷ್ಮಿಯ 2,000ವನ್ನು ನಾವು ಲೆಕ್ಕಕ್ಕೇ ಹಿಡಿಯಲಿಲ್ಲ. ಬರುತ್ತೆ, ಆದರೆ ಯಾವ ತಿಂಗಳದ್ದು ಯಾವಾಗ ಅಂತ ಹೇಳಲಾಗದು. ಬಂದಾಗ ನೇರ ಸಾಲಕ್ಕೆ ಹಾಕಿದರೆ ಆಯಿತು.

ಅಂದರೆ 21,500. ಬಾಡಿಗೆ 4,500, ಬೈಕ್ 2,600, ಸಂಘ 1,900, ಎರಡು ಬಂಗಾರದ ಬಡ್ಡಿ 1,000, ಮಗಳ ಫೀಸಿಗೆ ಎತ್ತಿಡುವುದು 1,500, ಸಿಲಿಂಡರ್ 900, ಮೊಬೈಲ್ 500. ಒಟ್ಟು 12,900. ಇದು ಪಗಾರ ಬಂದ ದಿನವೇ ಹೋಗಬೇಕು. ಉಳಿದದ್ದು 8,600. ಅದರಲ್ಲಿ 1,600, ಅಂದರೆ ಬಡ್ಡಿಯಲ್ಲಿ ಉಳಿದಷ್ಟೇ ದುಡ್ಡು, ಅಸಲಿಗೆ. ಅದನ್ನೂ ಮೊದಲ ದಿನವೇ ಕಟ್ಟಿ. ತಿಂಗಳ ಕೊನೆಗೆ ಉಳಿದರೆ ಕಟ್ಟೋಣ ಅಂದರೆ ಉಳಿಯುವುದೇ ಇಲ್ಲ. 1,000 ಅಕಸ್ಮಾತ್ತಿಗೆ. ಇದನ್ನು ತೆಗೆದಿಡದೆ ಎಲ್ಲವನ್ನೂ ಸಾಲಕ್ಕೆ ಸುರಿದರೆ ಮಗುವಿಗೆ ಜ್ವರ ಬಂದ ರಾತ್ರಿ ಮತ್ತೆ ಐದು ರೂಪಾಯಿ ಬಡ್ಡಿಯವರ ಬಾಗಿಲಿಗೇ ಹೋಗಬೇಕು.

ಉಳಿದ 6,000ಕ್ಕೆ ನಾಲ್ಕು ಕವರ್. ಮದುವೆಗೆ ಬಂದ ಮುಯ್ಯಿ ಕವರ್‌ಗಳೇ, ಯಾರ್ಯಾರದೋ ಹೆಸರು ಇನ್ನೂ ಮೇಲಿದ್ದವು. ಒಂದೊಂದರಲ್ಲಿ 1,500, ಒಂದು ವಾರಕ್ಕೆ ಒಂದು. ಹಾಲು, ಕಾಯಿಪಲ್ಲೆ, ಕಿರಾಣಿ, ಪೆಟ್ರೋಲ್ ಎಲ್ಲ ಅದರಲ್ಲೇ. 28ರ ನಂತರದ ಎರಡು ಮೂರು ದಿನಕ್ಕೆ ಐದನೇ ಕವರ್ ಇಲ್ಲ, ಆ ದಿನಗಳಿಗೆ ನಾಲ್ಕರಲ್ಲೇ ಉಳಿಸಬೇಕು. ಎರಡನೇ ವಾರದ ಕವರ್ ಮೊದಲ ವಾರವೇ ಒಡೆದ ತಿಂಗಳುಗಳೂ ಇವೆ.

ಅಡುಗೆಮನೆಯಲ್ಲಿ ನಮ್ಮ ಕಡೆಯ ಊಟವೇ ಅಗ್ಗ. ರೇಷನ್ ಅಕ್ಕಿ, ಗಿರಣಿಯಲ್ಲಿ ಬೀಸಿಸಿದ ಜೋಳದ ಹಿಟ್ಟು, ಪುಂಡಿಪಲ್ಲೆ, ಶೇಂಗಾ ಚಟ್ನಿ, ಹೆಸರುಕಾಳು. ಕೆಟ್ಟದ್ದು ಸಂಜೆಯ ಮಿರ್ಚಿ. ಕೆಲಸ ಬಿಟ್ಟು ಬರುವಾಗ ಒಗ್ಗರಣೆ-ಮಿರ್ಚಿ, ಚಹಾ, 40 ರೂಪಾಯಿ. ತಿಂಗಳಿಗೆ 20 ದಿನ ಅಂದರೂ 800. ಮಿರ್ಚಿ ಬಿಡಿ ಅಂತ ಬಳ್ಳಾರಿಯವರಿಗೆ ಹೇಳುವಷ್ಟು ಧೈರ್ಯ ನನಗಿಲ್ಲ. ನಾನು ಶನಿವಾರಕ್ಕೆ ಇಟ್ಟುಕೊಂಡೆ, ಮನೆಯವರನ್ನೂ ಕರೆದುಕೊಂಡು.

ಕರೆಂಟಿನ ಕಡೆ ಬೇಸಿಗೆಯಲ್ಲಿ ಕಣ್ಣಿಡಿ. ಗೃಹಜ್ಯೋತಿ ಇದೆ ಅಂತ ಕೂಲರ್ ಹಗಲೂ ರಾತ್ರಿ ಹಾಕಬೇಡಿ. 150 ವ್ಯಾಟ್‌ನ ಕೂಲರ್ ದಿನಕ್ಕೆ ಹತ್ತು ತಾಸು ಓಡಿದರೆ ತಿಂಗಳಿಗೆ 45 ಯುನಿಟ್. ನಿಮಗೆ ನಿಗದಿಯಾದ ಯುನಿಟ್ ದಾಟಿದರೆ ಹೆಚ್ಚಿಗೆ ಆದದ್ದಕ್ಕೆ ದುಡ್ಡು, 200 ದಾಟಿದರೆ ಪೂರ್ತಿ ಬಿಲ್ಲು. ಏಪ್ರಿಲ್, ಮೇನಲ್ಲಿ ವಾರಕ್ಕೊಮ್ಮೆ ಮೀಟರ್ ನೋಡಿ. ಹೆಂಡತಿ, ಮಗಳು ಊರಿಗೆ ಹೋಗುವುದು ಸರ್ಕಾರಿ ಬಸ್ಸಿನಲ್ಲಿ, ಅದು ಹೇಗೂ ಶಕ್ತಿ ಯೋಜನೆಯಲ್ಲಿ ಉಚಿತ.

ಪಗಾರ ಇಲ್ಲದ ಮನೆಗಳಿಗೆ

ಮೇಲಿನ ಲೆಕ್ಕ ತಿಂಗಳ ಸಂಬಳದವರದ್ದು. ನಮ್ಮ ಪಕ್ಕದ ಮನೆಯವರು ಜೀನ್ಸ್ ಹೊಲಿಯುತ್ತಾರೆ. ಪೀಸಿಗೆ ಇಷ್ಟು ಅಂತ, ಶನಿವಾರ ಬಟವಾಡೆ. ಆರ್ಡರ್ ಇದ್ದ ವಾರ ಕೈತುಂಬ, ಇಲ್ಲದ ವಾರ ಮಷಿನ್ ಮೇಲೆ ಬಟ್ಟೆ ಮುಚ್ಚಿರುತ್ತದೆ. ಇಂಥವರು ಸರಾಸರಿ ಹಿಡಿಯಬಾರದು. ಕಳೆದ ಆರು ತಿಂಗಳಲ್ಲಿ ಅತಿ ಕಡಿಮೆ ಬಂದ ತಿಂಗಳು ಯಾವುದು ನೋಡಿ, ಅದನ್ನೇ ನಿಮ್ಮ ಪಗಾರ ಅಂದುಕೊಳ್ಳಿ. ಕಂತು, ಬಾಡಿಗೆ ಅಷ್ಟರಲ್ಲೇ ಕೂಡಬೇಕು. ಹೆಚ್ಚಿಗೆ ಬಂದ ವಾರದ್ದರಲ್ಲಿ ಅರ್ಧ ಸಾಲಕ್ಕೆ, ಅರ್ಧ ಖಾಲಿ ವಾರಕ್ಕೆ.

ಗಂಗಾವತಿ, ಸಿಂಧನೂರಿನ ಭತ್ತದವರಿಗೆ, ರಾಯಚೂರಿನ ಹತ್ತಿಯವರಿಗೆ ದುಡ್ಡು ಕಾಣುವುದು ಪೀಕು ಬಂದಾಗ ಮಾತ್ರ. ತಿಂಗಳ ಕಂತಿನ ಸಾಲ ಅವರಿಗೆ ಹೊಂದುವುದಿಲ್ಲ. ಸಾಲ ತೆಗೆಯುವಾಗಲೇ ಸುಗ್ಗಿಗೆ ಕಟ್ಟುವಂತೆ ಕೇಳಿ. ಇನ್ನೂ ಕೊಯ್ಯದ ಪೈರನ್ನು ನೆಚ್ಚಿ ಟಿವಿ, ಬೈಕಿನ ಕಂತು ಹಾಕಿಸಿಕೊಳ್ಳಬೇಡಿ. 2024ರ ಆಗಸ್ಟ್‌ನಲ್ಲಿ, ಈ ಭತ್ತಕ್ಕೆ ನೀರು ಕೊಡುವ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದ ರಾತ್ರಿ ನೆನಪಿದೆ ಅಲ್ವಾ?

ವಸೂಲಿಗೆ ಬಂದರೆ

ಕಂತು ತಪ್ಪುತ್ತದೆ ಅಂತ ಗೊತ್ತಾದ ದಿನವೇ ಹೋಗಿ ಹೇಳಿ. ಫೋನ್ ಬಂದ್ ಮಾಡಿ ಕೂರಬೇಡಿ. ಮೈಕ್ರೊಫೈನಾನ್ಸ್ ಸಾಲಕ್ಕೆ ರಿಸರ್ವ್ ಬ್ಯಾಂಕಿನ ನಿಯಮ ಇದೆ: ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ನಂತರ ವಸೂಲಿಗೆ ಫೋನ್ ಮಾಡುವಂತಿಲ್ಲ. ಬೈಯುವುದು, ಹೆದರಿಸುವುದು ಕೂಡದು. ಏನನ್ನೂ ಅಡವು ಕೇಳುವಂತಿಲ್ಲ. ಮನೆಯ ಎಲ್ಲ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟುವಂತಿದ್ದರೆ ಅವರು ಹೊಸ ಸಾಲ ಕೊಡಲೇಬಾರದು. ನೋಂದಣಿ ಇಲ್ಲದೆ ಸಾಲ ಕೊಟ್ಟು ಕಿರುಕುಳ ಕೊಡುವವರ ಮೇಲೆ 2025ರಲ್ಲಿ ರಾಜ್ಯ ಸರ್ಕಾರ ಬೇರೆ ಕಾನೂನೇ ತಂದಿದೆ. ಮನೆ ಮುಂದೆ ಗಲಾಟೆ ಮಾಡಿದರೆ 112ಕ್ಕೆ ಫೋನ್ ಮಾಡಿ. ರಾತ್ರಿ ತಲೆ ಕೆಟ್ಟು ಏನೇನೋ ಯೋಚನೆ ಬಂದರೆ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ದುಡ್ಡು ಬೀಳುವುದಿಲ್ಲ. ಯಾವ ಹೊತ್ತಿನಲ್ಲೂ ಮಾತಾಡಬಹುದು.

ಕಾಗದದ ಮೇಲೆ 18, ಹಿಡಿದದ್ದು 21

ಉದ್ರಿ ಮುಗಿದ ಮೇಲೆ 1,600 ಸರದ ಸಾಲಕ್ಕೆ. ಬೈಕ್ ಕಂತು 11 ತಿಂಗಳಿಗೆ ಮುಗಿದಾಗ ಆ 2,600ವನ್ನೂ ಮನೆಗೆ ತರದೆ ಅದಕ್ಕೇ ಸೇರಿಸಿ 4,200 ಮಾಡಿದೆವು. ಇದು ಮುಖ್ಯ. ಒಂದು ಕಂತು ಮುಗಿದ ಖುಷಿಗೆ ಹೊಸ ಫೋನ್ ತಂದರೆ ಕಥೆ ಮತ್ತೆ ಮೊದಲಿಂದ. ಲೆಕ್ಕದ ಪ್ರಕಾರ 18 ತಿಂಗಳು. ನಮಗೆ 21 ಹಿಡಿಯಿತು. ಒಂದು ತಿಂಗಳು ಮಿಕ್ಸಿ ಸುಟ್ಟಿತು, ಇನ್ನೆರಡು ತಿಂಗಳು ಸಾಲು ಸಾಲು ಮದುವೆ. ಗೃಹಲಕ್ಷ್ಮಿ ದುಡ್ಡೂ ಅಲ್ಲೇ ಕರಗಿತು. ಆಯೇರಿ, ಮುಯ್ಯಿ ತಪ್ಪಿಸಲಾಗಲಿಲ್ಲ. ನಮ್ಮ ಮದುವೆಗೆ ಮಾಡಿದವರಿಗೆ ಮಾಡದೇ ಇರುವುದು ಹೇಗೆ? ಸೀರೆ ಬದಲು ರವಿಕೆ ಕಣ ಕೊಟ್ಟೆವು, ಒಬ್ಬರು ಮುಖ ತಿರುಗಿಸಿದರು.

2025ರ ಗಣೇಶ ಹಬ್ಬದ ಹೊತ್ತಿಗೆ ಸರ ಮನೆಗೆ ಬಂತು. ಬಳೆ ಇನ್ನೂ ಬ್ಯಾಂಕಿನಲ್ಲೇ ಇವೆ.

ಭಾವನಿಗೆ ಶುರುವಿನಲ್ಲೇ ಹೋಗಿ, "ಭಾವ, ಇನ್ನೆರಡು ವರ್ಷ ಒಂದು ರೂಪಾಯಿನೂ ಕೊಡೋಕೆ ಆಗಲ್ಲ, ಆಮೇಲೆ ತಿಂಗಳಿಗೆ 2,000 ಕೊಡ್ತೀನಿ" ಅಂತ ಹಾಳೆ ತೋರಿಸಿದ್ದೆ. ಅವರು ಹಾಳೆ ನೋಡಲೇ ಇಲ್ಲ. "ಈ ಮಾತು ಹೋದ ವರ್ಷನೇ ಹೇಳಿದ್ರೆ ಜಾತ್ರೆಗಾದ್ರೂ ಬರ್ತಿದ್ದಿ ಅಲ್ಲಪ್ಪ" ಅಂದರು. ಈಗ ಪ್ರತಿ ತಿಂಗಳು 6ನೇ ತಾರೀಕು ಕಳಿಸುತ್ತೇನೆ. ಮುಟ್ಟಿತು ಅಂತ ಫೋನ್ ಮಾಡುತ್ತಾರೆ, ಹೆಬ್ಬೆಟ್ಟಿನ ಚಿತ್ರ ಕಳಿಸಿ ಸುಮ್ಮನಾಗುವವರಲ್ಲ.