ಸಬ್ಮಿಟ್ ಒತ್ತಿದ ಮೇಲೆ ನಾನು ಮಾಡಿದ್ದೇನು

ಅಮೆರಿಕದಲ್ಲಿ ಹೈಸ್ಕೂಲ್ ಕೊನೆಯ ವರ್ಷದಲ್ಲಿರುವವರಿಗೆ, ಅವರ ಅಪ್ಪ ಅಮ್ಮಂದಿರಿಗೆ ಇದನ್ನು ಬರೆಯುತ್ತಿದ್ದೇನೆ. ಜನವರಿ ಶುರುವಾಗುವಷ್ಟರಲ್ಲಿ ಹೆಚ್ಚಿನವರ ಕಾಲೇಜು ಅರ್ಜಿ ಹೋಗಿರುತ್ತದೆ. ಇನ್ನು ಫಲಿತಾಂಶಕ್ಕೆ ಮಾರ್ಚ್ ಕೊನೆಯವರೆಗೆ ಕಾಯುವುದಷ್ಟೇ ಅಂತ ಸುತ್ತಲಿನವರು ಹೇಳುತ್ತಾರೆ. ನಾನು ಹಾಗೆ ಕೂರಲಿಲ್ಲ. ಕಾಮನ್ ಆ್ಯಪ್‌ನಲ್ಲಿ, ಅಂದರೆ ಒಂದೇ ಅರ್ಜಿಯನ್ನು ಹಲವು ಕಾಲೇಜಿಗೆ ಕಳಿಸುವ ವೆಬ್‌ಸೈಟಿನಲ್ಲಿ, ನೀವು ಕಳಿಸಿದ್ದು ನಿಮ್ಮ ಪಾಲಿನ ಕಾಗದ ಮಾತ್ರ. ಟ್ರಾನ್ಸ್‌ಕ್ರಿಪ್ಟ್ (ಅಂಕಪಟ್ಟಿ) ಸ್ಕೂಲಿನಿಂದ ಬರಬೇಕು, ಶಿಫಾರಸು ಪತ್ರ ಟೀಚರ್‌ಗಳಿಂದ, ಎಸ್‌ಎಟಿ ಪ್ರವೇಶ ಪರೀಕ್ಷೆಯ ಅಂಕ ಅದನ್ನು ನಡೆಸುವ ಕಾಲೇಜ್ ಬೋರ್ಡ್‌ನಿಂದ, ತೆರಿಗೆಯ ಲೆಕ್ಕ ಅಪ್ಪ ಅಮ್ಮನಿಂದ. ಎಲ್ಲ ಬಂದು ಸೇರಿತಾ ಅಂತ ನೋಡುವವರು ನಿಮ್ಮನ್ನು ಬಿಟ್ಟರೆ ಯಾರೂ ಇಲ್ಲ.

ಅರ್ಜಿ ಮುಟ್ಟಿದ ಮೇಲೆ ಪ್ರತಿ ಕಾಲೇಜೂ ತನ್ನ ಪೋರ್ಟಲ್‌ನ ಲಾಗಿನ್ ಕಳಿಸುತ್ತದೆ. ಕೆಲವು ಬೇಗ ಬರುತ್ತವೆ, ಕೆಲವು ಸ್ಪ್ಯಾಮ್ ಫೋಲ್ಡರ್‌ನಲ್ಲಿ ಬಿದ್ದಿರುತ್ತವೆ, ಅಲ್ಲಿಯೂ ಹುಡುಕಿ. ನಾನು ಒಂದು ಸ್ಪ್ರೆಡ್‌ಶೀಟ್ ಮಾಡಿಕೊಂಡೆ. ಸಾಲಿಗೊಂದು ಕಾಲೇಜು, ಪಕ್ಕದಲ್ಲಿ ಏನೇನು ಬಂದಿದೆ, ಏನು ಬಾಕಿ ಇದೆ, ಯಾರನ್ನು ಯಾವತ್ತು ಕೇಳಿದೆ. ಭಾನುವಾರ ಸಂಜೆ ಒಂದು ಸಲ ಎಲ್ಲ ಪೋರ್ಟಲ್ ತೆರೆದು ನೋಡುತ್ತಿದ್ದೆ. ದಿನಾ ನೋಡಿದರೆ ತಲೆಬಿಸಿ ಜಾಸ್ತಿ ಆಗುತ್ತದೆ, ಕೆಲಸ ಏನೂ ಮುಂದೆ ಹೋಗುವುದಿಲ್ಲ.

ಚೆಕ್‌ಲಿಸ್ಟ್‌ನಲ್ಲಿ ಯಾವುದಾದರೂ ಬಂದಿಲ್ಲ ಅಂತ ತೋರಿಸಿದರೆ ತಕ್ಷಣ ಗಾಬರಿ ಬೇಡ. ಜನವರಿಯಲ್ಲಿ ಕಾಗದಗಳು ರಾಶಿ ಬಂದು ಬೀಳುತ್ತವೆ, ನಿಮ್ಮದು ನಿಮ್ಮ ಫೈಲಿಗೆ ಸೇರಲು ಒಂದೆರಡು ವಾರ ಹಿಡಿಯಬಹುದು. ಆಮೇಲೂ ಬರದಿದ್ದರೆ ಮೊದಲು ಹೆಸರು ನೋಡಿ. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ನಮ್ಮ ಹೆಸರುಗಳಿಗೆ ಈ ತೊಂದರೆ ಹೆಚ್ಚು. ಸ್ಕೂಲಿನಲ್ಲಿ ನನ್ನ ಹೆಸರಿನ ಮುಂದೆ ಅಪ್ಪನ ಹೆಸರು ಪೂರ್ತಿ ಇತ್ತು, ಎಸ್‌ಎಟಿ ಖಾತೆಯಲ್ಲಿ ಬರೀ ಇನಿಶಿಯಲ್. ಒಂದು ಕಾಲೇಜಿನ ಪೋರ್ಟಲ್‌ನಲ್ಲಿ ಎಲ್ಲಕ್ಕೂ ಹಸಿರು ಟಿಕ್ ಬಿದ್ದರೂ ಅಂಕದ ಮುಂದೆ ಮಾತ್ರ ಕೆಂಪು ಗುರುತು ಹಾಗೇ ಉಳಿದಿತ್ತು. ಅಡ್ಮಿಷನ್ ಆಫೀಸಿಗೆ ನಾಲ್ಕು ಸಾಲಿನ ಮೇಲ್ ಹಾಕಿದೆ. ಅರ್ಜಿಯಲ್ಲಿರುವ ಹೆಸರು, ಅಂಕ ಬಂದಿರಬಹುದಾದ ಹೆಸರು, ಹುಟ್ಟಿದ ದಿನ, ಕಾಮನ್ ಆ್ಯಪ್ ಐಡಿ, ಇಷ್ಟೇ. ಅಂಕ ಅವರ ಹತ್ತಿರವೇ ಇತ್ತು, ಬೇರೆ ಹೆಸರಿನಲ್ಲಿ ಕೂತಿತ್ತು. ಸೇರಿಸಿದರು, ಮುಗೀತು. ಇಂಥ ಮೇಲ್ ಅನ್ನು ನೀವೇ ಬರೆಯಿರಿ, ಅಪ್ಪ ಅಮ್ಮನ ಕೈಯಲ್ಲಿ ಬರೆಸಬೇಡಿ. ಅರ್ಜಿ ನಿಮ್ಮದು, ಮಾತೂ ನಿಮ್ಮದೇ ಇರಲಿ.

ಆಮೇಲೆ ಮಿಡ್‌ಇಯರ್ ರಿಪೋರ್ಟ್. ಮೊದಲ ಸೆಮಿಸ್ಟರಿನ ಗ್ರೇಡ್‌ಗಳನ್ನು ಸ್ಕೂಲಿನ ಕೌನ್ಸೆಲರ್ ಕಳಿಸಬೇಕು, ತುಂಬಾ ಕಾಲೇಜುಗಳು ಇದನ್ನು ಕೇಳುತ್ತವೆ. ಒಬ್ಬ ಕೌನ್ಸೆಲರ್ ಕೈಯಲ್ಲಿ ಎಷ್ಟೋ ಮಕ್ಕಳ ಫೈಲ್ ಇರುತ್ತದೆ, ಹಾಗಾಗಿ ಗ್ರೇಡ್ ಬರುವ ಮೊದಲೇ ಹೋಗಿ ಯಾವ ಯಾವ ಕಾಲೇಜಿಗೆ ಬೇಕು ಅಂತ ಪಟ್ಟಿ ಕೊಟ್ಟು ಬಂದೆ. ಓದು ಸಡಿಲ ಮಾಡುವ ಹಾಗಿಲ್ಲ. ಸೀಟು ಸಿಕ್ಕ ಮೇಲೂ ಕೊನೆಯ ಗ್ರೇಡ್ ನೋಡುತ್ತಾರೆ, ತೀರಾ ಬಿದ್ದರೆ ಸೀಟು ವಾಪಸ್ ತೆಗೆದುಕೊಳ್ಳುವ ಹಕ್ಕು ಅವರಿಗಿದೆ. ಅರ್ಜಿಯಲ್ಲಿ ಬರೆದ ಕ್ಲಾಸ್ ಬಿಡುವುದಾದರೆ ಕಾಲೇಜಿಗೆ ಮೊದಲು ತಿಳಿಸಿ.

ಹಣದ ವಿಷಯಕ್ಕೆ ಬರೋಣ, ನಮ್ಮ ಮನೆಯಲ್ಲಿ ಹೆಚ್ಚು ಹೊತ್ತು ಹೋಗಿದ್ದು ಇಲ್ಲೇ. ಫ್ಯಾಫ್ಸಾ ಅಂದರೆ ಸರ್ಕಾರಿ ಸಹಾಯಕ್ಕೆ ತುಂಬುವ ಅರ್ಜಿ, ಅದು ಅಮೆರಿಕದ ನಾಗರಿಕರು, ಗ್ರೀನ್ ಕಾರ್ಡ್ ಇರುವವರು, ಇನ್ನು ಕೆಲವು ವರ್ಗದವರಿಗೆ. ಎಚ್-4 ವೀಸಾದಲ್ಲಿ (ಕೆಲಸದ ವೀಸಾದವರ ಕುಟುಂಬಕ್ಕೆ ಸಿಗುವುದು) ಇರುವ ಮಕ್ಕಳಿಗೆ ಈ ಸರ್ಕಾರಿ ಸಹಾಯ ಸಿಗುವುದಿಲ್ಲ. ಆದರೆ ಕೆಲವು ಖಾಸಗಿ ಕಾಲೇಜುಗಳು ಅವರಿಗೂ ಸ್ವಂತ ಹಣದಿಂದ ನೆರವು ಕೊಡುತ್ತವೆ, ಅದಕ್ಕೆ ಸಿಎಸ್‌ಎಸ್ ಪ್ರೊಫೈಲ್ ಎಂಬ ಇನ್ನೊಂದು ಹಣಕಾಸಿನ ಅರ್ಜಿ ಕೇಳಬಹುದು, ಪ್ರತಿ ಕಾಲೇಜಿನ ನಿಯಮ ಓದಿ. ಫ್ಯಾಫ್ಸಾ ತುಂಬಿದವರು ಒಂದು ಸಂಗತಿ ಮರೆಯಬೇಡಿ: ಅದರಲ್ಲಿ ಹೆಸರಿರುವ ಪ್ರತಿಯೊಬ್ಬರೂ, ಅಂದರೆ ಅಪ್ಪ ಅಮ್ಮ ಕೂಡ, ತೆರಿಗೆ ಮಾಹಿತಿ ತರಿಸಿಕೊಳ್ಳಲು ಒಪ್ಪಿಗೆ ಕೊಟ್ಟು ಸಹಿ ಹಾಕಿರಬೇಕು. ಒಬ್ಬರದು ಬಾಕಿ ಇದ್ದರೂ ಸಹಾಯ ನಿಲ್ಲುತ್ತದೆ. ಹಣಕಾಸಿನ ಚೆಕ್‌ಲಿಸ್ಟ್ ಎಷ್ಟೋ ಕಡೆ ಪೋರ್ಟಲ್‌ನ ಬೇರೆ ಪುಟದಲ್ಲಿರುತ್ತದೆ. ಅಡ್ಮಿಷನ್ ಪುಟದಲ್ಲಿ ಎಲ್ಲ ಹಸಿರು ಕಂಡಿತು ಅಂತ ಸುಮ್ಮನಾಗಬೇಡಿ.

ಹಳೆ ವಿದ್ಯಾರ್ಥಿಗಳು ಇಂಟರ್‌ವ್ಯೂಗೆ ಮೇಲ್ ಮಾಡಿದರೆ ಒಂದು ದಿನದೊಳಗೆ ಉತ್ತರ ಕೊಡಿ. ಅವರು ಸಂಬಳವಿಲ್ಲದೆ, ಬಿಡುವು ಮಾಡಿಕೊಂಡು ಮಾತಾಡುವವರು. ಹೊಸದಾಗಿ ದೊಡ್ಡ ಬಹುಮಾನವೇನಾದರೂ ಬಂದಿದ್ದರೆ ಪೋರ್ಟಲ್‌ನಲ್ಲಿ ತಿಳಿಸಬಹುದು. ಕೇಳದೆ ಇನ್ನೂ ಎರಡು ಶಿಫಾರಸು ಪತ್ರ ಕಳಿಸುವುದು ಬೇಡ, ಓದುವವರಿಗೆ ಭಾರ ಅಷ್ಟೇ. ಬೇಗ ಅರ್ಜಿ ಹಾಕುವ ಅರ್ಲಿ ಸುತ್ತಿನಲ್ಲಿ ಡಿಫರ್ ಆಗಿದ್ದರೆ, ಅಂದರೆ ತೀರ್ಮಾನ ಮುಂದಕ್ಕೆ ಹಾಕಿದ್ದರೆ, ಪತ್ರ ಬೇಡ ಅಂತ ಕಾಲೇಜು ಹೇಳಿಲ್ಲವಾದರೆ, ಇನ್ನೂ ಆಸಕ್ತಿ ಇದೆ ಅಂತ ಒಂದು ಪುಟದೊಳಗೆ ಬರೆಯಿರಿ, ಹೊಸ ಸಂಗತಿ ಅದರಲ್ಲಿರಲಿ. ಅರ್ಲಿ ಡಿಸಿಷನ್‌ನಲ್ಲಿ, ಅಂದರೆ ಸಿಕ್ಕರೆ ಸೇರುತ್ತೇನೆ ಅಂತ ಮೊದಲೇ ಒಪ್ಪಿ ಹಾಕಿದ ಅರ್ಜಿಯಲ್ಲಿ, ಸೀಟು ಸಿಕ್ಕವರು ಮಿಕ್ಕ ಅರ್ಜಿ ಹಿಂದೆ ತೆಗೆದುಕೊಳ್ಳಲೇಬೇಕು. ಅದು ಒಪ್ಪಂದ.

ಫಲಿತಾಂಶ ಬಂದ ಮೇಲೆ ಹೆಚ್ಚಿನ ಕಾಲೇಜುಗಳಿಗೆ ಮೇ 1ರೊಳಗೆ ಉತ್ತರ ಕೊಡಬೇಕು. ನಾವು ಊಟದ ಮೇಜಿನ ಮೇಲೆ ನೆರವಿನ ಪತ್ರಗಳನ್ನು ಸಾಲಾಗಿ ಇಟ್ಟು, ಸಾಲ ಮತ್ತು ವರ್ಕ್-ಸ್ಟಡಿಯ (ಓದುತ್ತಾ ಕೆಲಸ ಮಾಡಿ ಗಳಿಸುವ ಹಣ) ಸಾಲುಗಳನ್ನು ಪೆನ್ಸಿಲ್‌ನಲ್ಲಿ ಹೊಡೆದು ಹಾಕಿದೆವು. ಒಟ್ಟು ಖರ್ಚಿನಲ್ಲಿ ತೀರಿಸಬೇಕಿಲ್ಲದ ಗ್ರಾಂಟ್ ಮತ್ತು ಸ್ಕಾಲರ್‌ಶಿಪ್ ಮಾತ್ರ ಕಳೆದರೆ ಉಳಿಯುವುದೇ ನಿಮ್ಮ ನಿಜವಾದ ಹೊರೆ. ಕೆಲವು ಪತ್ರಗಳಲ್ಲಿ ಸಾಲವನ್ನೂ ನೆರವು ಅಂತ ಒಟ್ಟಿಗೆ ಕೂಡಿಸಿರುತ್ತಾರೆ. ಅಪ್ಪ ಅಮ್ಮನ ಮೇಲೆ ಅವಲಂಬಿತರಾದ ಮೊದಲ ವರ್ಷದವರಿಗೆ ಸರ್ಕಾರದ ಡೈರೆಕ್ಟ್ ಲೋನ್ ಮಿತಿ 5,500 ಡಾಲರ್, ಅದನ್ನೂ ತೀರಿಸಬೇಕಲ್ವಾ? ತೆರಿಗೆ ಲೆಕ್ಕ ಕೊಟ್ಟ ಮೇಲೆ ಮನೆಯಲ್ಲಿ ಕೆಲಸ ಹೋಗಿದ್ದರೆ, ಆಸ್ಪತ್ರೆ ಖರ್ಚು ಬಂದಿದ್ದರೆ, ಕಾಗದದ ಸಮೇತ ಫೈನಾನ್ಶಿಯಲ್ ಏಡ್ ಆಫೀಸಿಗೆ ಬರೆಯಿರಿ, ಮತ್ತೊಮ್ಮೆ ನೋಡಿ ಅಂತ ಕೇಳುವುದರಲ್ಲಿ ಸಂಕೋಚ ಬೇಡ.

ಸೀಟು ಖಚಿತ ಮಾಡುವ ಡಿಪಾಸಿಟ್ ಒಂದೇ ಕಡೆ ಕಟ್ಟಿ. ವೇಟ್‌ಲಿಸ್ಟ್‌ನಲ್ಲಿದ್ದರೆ ಅಲ್ಲಿ ಹೆಸರು ಉಳಿಸಿಕೊಂಡು, ಸೀಟು ಕೊಟ್ಟ ಬೇರೆ ಕಾಲೇಜಿಗೆ ಮೇ 1ರೊಳಗೆ ಹೌದು ಅನ್ನಿ. ಮಿಕ್ಕ ಕಾಲೇಜುಗಳಿಗೆ ಅವತ್ತೇ ಬೇಡ ಅಂತ ಪೋರ್ಟಲ್‌ನಲ್ಲಿ ಒತ್ತಿಬಿಡಿ, ವೇಟ್‌ಲಿಸ್ಟ್‌ನಲ್ಲಿ ಯಾರೋ ಕಾಯುತ್ತಿರುತ್ತಾರೆ. ಶಿಫಾರಸು ಬರೆದ ಟೀಚರ್‌ಗಳಿಗೂ ಕೌನ್ಸೆಲರ್‌ಗೂ ಎಲ್ಲಿ ಸೇರುತ್ತೀರಿ ಅಂತ ನೀವೇ ಹೇಳಿ, ಹೇಳುವಾಗಲೇ ಕೊನೆಯ ಟ್ರಾನ್ಸ್‌ಕ್ರಿಪ್ಟ್ ಆ ಕಾಲೇಜಿಗೆ ಕಳಿಸಲು ಕೇಳಿಕೊಂಡು ಬನ್ನಿ.