ಕಾಫಿ ಕಣದಲ್ಲಿ ವೀಲ್ ಅಲೈನ್‌ಮೆಂಟ್: ನನ್ನ ಅನುಭವ

ವೀಲ್ ಅಲೈನ್‌ಮೆಂಟ್ ಅಂಗಡಿಯ ಮಿಷನ್ ಪ್ರಿಂಟ್ ನೋಡಿದರೆ ಎಲ್ಲ ಹಸಿರು, ಅಂದರೆ ಚಕ್ರಗಳ ಕೋನ ಎಲ್ಲ ಸರಿ. ಕಾರು ಮಾತ್ರ ಎಡಕ್ಕೇ ಎಳೆಯುತ್ತದೆ. ಫಿಯೆಟ್‌ನ ಅಬಾರ್ಥ್ ಪುಂಟೋ ಇಟ್ಟುಕೊಂಡವರಿಗೆ ಈ ಕಷ್ಟ ಬಿಡಿಸಿ ಹೇಳಬೇಕಾಗಿಲ್ಲ. ಸಣ್ಣ ಕಾರು, 1.4 ಟರ್ಬೊ, 212 ಎನ್‌ಎಂ ಟಾರ್ಕ್. ಎಳೆಯುವುದೂ ಮುಂದಿನ ಚಕ್ರ, ತಿರುಗುವುದೂ ಮುಂದಿನ ಚಕ್ರ. ಅಳತೆ ಒಂದಿಷ್ಟು ಆಚೀಚೆ ಆದರೂ ಸ್ಟೀರಿಂಗ್‌ನಲ್ಲಿ ಗೊತ್ತಾಗಿಬಿಡುತ್ತದೆ. ಹೈಡ್ರಾಲಿಕ್ ಸ್ಟೀರಿಂಗ್ ಅಲ್ವಾ, ಏನನ್ನೂ ಮುಚ್ಚಿಡುವುದಿಲ್ಲ.

ನನ್ನದು 2016ರ ಕಾರು, ಸೆಕೆಂಡ್ ಹ್ಯಾಂಡ್. ಹುಣಸೂರು ಕಡೆಯ ನೇರ ರಸ್ತೆಯಲ್ಲಿ 80 ದಾಟಿದರೆ ಸ್ಟೀರಿಂಗ್ ಬಲಕ್ಕೆ ಸ್ವಲ್ಪ ಹಿಡಿದೇ ಇರಬೇಕಿತ್ತು. ಮಾಕುಟ್ಟ ಘಾಟ್‌ನಲ್ಲಿ ಎಡ ತಿರುವಿಗೆ ಚುರುಕು, ಬಲ ತಿರುವಿಗೆ ಸೋಮಾರಿ. ಜೋರು ಬ್ರೇಕ್ ಹಾಕಿದರೆ ಮೂತಿ ಆಚೀಚೆ ಅಲ್ಲಾಡುತ್ತಿತ್ತು. ಬಲ ಮುಂದಿನ ಟಯರ್‌ನ ಒಳಅಂಚು ಹನ್ನೆರಡು–ಹದಿಮೂರು ಸಾವಿರ ಕಿಲೋಮೀಟರಿಗೇ ನುಣ್ಣಗಾಯಿತು. 195/55 ಆರ್16 ಟಯರ್ ಒಂದಕ್ಕೆ ಹತ್ತಿರ ಹತ್ತಿರ ಏಳು ಸಾವಿರ. ಹೊಟ್ಟೆ ಉರಿಯುವುದಿಲ್ಲವೇ?

ಅಲೈನ್‌ಮೆಂಟಿಗೆ ಅಂತ ನಾನು ಸುತ್ತಿದ ಅಂಗಡಿಗಳಿಗೆ ಕೊಟ್ಟ ಹಣ ಎಲ್ಲ ಸೇರಿದರೆ ಎಂಟು ಸಾವಿರಕ್ಕೆ ಕಡಿಮೆ ಇಲ್ಲ. ಹೋದಲ್ಲೆಲ್ಲ ಅದೇ ಮಾತು. ‘ಸಾರ್, ರಸ್ತೆ ಎಡಕ್ಕೆ ಇಳಿಜಾರು ಇರುತ್ತೆ, ಅದಕ್ಕೇ ಎಳೆಯುತ್ತೆ.’ ರಸ್ತೆ ಇಳಿಜಾರು ನಿಜ. ಆದರೆ ಮನೆಯ ಹಳೇ ಸ್ವಿಫ್ಟ್ ಅದೇ ರಸ್ತೆಯಲ್ಲಿ ನೆಟ್ಟಗೆ ಹೋಗುತ್ತದಲ್ಲ? ಒಬ್ಬರು ನೈಟ್ರೋಜನ್ ತುಂಬಿಸಿ ಅಂದರು. ತುಂಬಿಸಿದೆ. ಗಾಳಿಗೆ ದುಡ್ಡು ಕೊಟ್ಟಿದ್ದಷ್ಟೇ ಬಂತು.

ಟಯರ್‌ನದೇ ತಪ್ಪಾ ಅಂತ ಮುಂದಿನ ಎರಡನ್ನೂ ಅದಲು ಬದಲು ಮಾಡಿದೆ. ಎಳೆತ ಬಲಕ್ಕೆ ತಿರುಗಲಿಲ್ಲ. ಹಾಗಾದರೆ ಟಯರ್ ಅಲ್ಲ. ಚಕ್ರವನ್ನು ಕೆಳಗಿನಿಂದ ಹಿಡಿದಿರುವ ಲೋವರ್ ಆರ್ಮ್‌ನ ಹಿಂದಿನ ಬುಷ್‌ಗೆ (ಕೀಲಿನ ರಬ್ಬರ್ ಬಳೆ) ರಾಡ್ ಹಾಕಿ ಮೀಟಿದರೆ ರಬ್ಬರ್ ಹರಿದು ಬಾಯಿಬಿಟ್ಟಿತ್ತು. ಬ್ರೇಕ್ ಹಾಕಿದಾಗ ಮೂತಿ ಅಲ್ಲಾಡುವುದಕ್ಕೆ ಅದೇ ಕಾರಣ. ಫಿಯೆಟ್ ಸಾಮಾನು ಈಗ ಸಿಗುವುದೇ ಕಷ್ಟ. ಎರಡೂ ಆರ್ಮ್ ಹೊರಗಿಂದ ತರಿಸಲು ಒಂಬತ್ತು ಸಾವಿರದ ಹತ್ತಿರ ಹೋಯಿತು. ಮಧ್ಯೆ ಪಾಲಿಯುರೆಥೇನ್ ಬುಷ್ ಕೂಡ ಹಾಕಿ ನೋಡಿದ್ದೆ. ಎರಡು ಮಳೆ ಬಿದ್ದ ಮೇಲೆ ಶುರುವಾದ ಕಿರಿಕಿರಿ ಶಬ್ದ ತಡೆಯಲಾರದೆ ತೆಗೆದೆ. ಹೊಸ ಆರ್ಮ್ ಹಾಕಿದ ಮೇಲೆ ಬ್ರೇಕ್ ಸರಿಹೋಯಿತು. ಎಡಕ್ಕೆ ಎಳೆಯುವುದು ಹೋಗಲಿಲ್ಲ.

ಆಗ ಹಳೆಯ ಪ್ರಿಂಟ್‌ಗಳನ್ನೆಲ್ಲ ಟೇಬಲ್ ಮೇಲೆ ಹರಡಿ ಕೂತೆ. ಮುಂದಿನ ಎಡ ಚಕ್ರದ ಕ್ಯಾಂಬರ್, ಅಂದರೆ ಚಕ್ರ ವಾಲಿರುವ ಕೋನ (ತಲೆ ಒಳಗೆ ವಾಲಿದರೆ ಮೈನಸ್), ಮೈನಸ್ 0.3 ಡಿಗ್ರಿ, ಬಲದ್ದು ಮೈನಸ್ 1.1 ಆಸುಪಾಸು. ಎರಡೂ ಹಸಿರು ಪಟ್ಟಿಯ ಒಳಗೇ ಇವೆ. ಆದರೆ ಒಂದು ಈ ಕೊನೆಯಲ್ಲಿ, ಇನ್ನೊಂದು ಆ ಕೊನೆಯಲ್ಲಿ. ಮೈನಸ್ ಕಡಿಮೆ ಇರುವ ಕಡೆಗೆ ಕಾರು ಎಳೆಯುತ್ತದೆ, ಅಂದರೆ ಎಡಕ್ಕೆ. ಹಿಂದಿನ ಚಕ್ರಗಳಲ್ಲೂ ಹೀಗೇ. ಎಡ ಚಕ್ರಕ್ಕೆ ಟೋ–ಇನ್ (ಚಕ್ರದ ಮುಂಭಾಗ ಒಳಗೆ ತಿರುಗಿರುವುದು) ಮೂರು ಮಿಲಿಮೀಟರ್, ಬಲ ಚಕ್ರಕ್ಕೆ ಸೊನ್ನೆ. ಹಿಂಭಾಗ ಬಲಕ್ಕೆ ತಳ್ಳುತ್ತದೆ, ಮೂತಿ ಎಡಕ್ಕೆ ಹೋಗುತ್ತದೆ. ಎರಡು ತಪ್ಪೂ ಒಂದೇ ಕಡೆಗೆ ಸೇರಿಕೊಂಡಿದ್ದವು. ಅಂಗಡಿಯವರು ಮಾಡುತ್ತಿದ್ದದ್ದು ಮುಂದಿನ ಟೋ ಒಂದೇ. ಹಿಂದಿನ ಎರಡು ಚಕ್ರಕ್ಕೂ ಸೇರಿ ಒಂದೇ ಅಡ್ಡ ತೊಲೆ. ಕೇಳಿದರೆ, ‘ಹಿಂದೆ ಬೀಮ್ ಸಾರ್, ಅದರಲ್ಲಿ ಅಡ್ಜಸ್ಟ್ ಇಲ್ಲ.’

ನಾನೇ ಮಾಡುತ್ತೇನೆ ಅಂದಾಗ ಗೋಣಿಕೊಪ್ಪದ ಗೆಳೆಯರೆಲ್ಲ ನಕ್ಕರು. ಆಟೋಕ್ರಾಸ್ ಅನ್ನುವ ಕಾರ್ ರೇಸ್ ಓಡಿಸುವವರೂ ನಕ್ಕರು, ಅದು ಸ್ವಲ್ಪ ಚುಚ್ಚಿತು.

ಜಾಗ ನಮ್ಮ ಕಾಫಿ ಕಣ. ಸಿಮೆಂಟ್ ನೆಲ, ನೋಡಲು ಸಮತಟ್ಟು. ಆದರೆ ನೀರು ಹರಿಯಲಿ ಅಂತ ಇಳಿಜಾರು ಕೊಟ್ಟೇ ಕಟ್ಟಿರುತ್ತಾರೆ. ಗಾರೆ ಕೆಲಸದವರು ಮಟ್ಟ ನೋಡುವ ನೀರಿನ ಪೈಪ್ ಹಿಡಿದು ನೋಡಿದರೆ ಕಾರಿನ ಅಗಲಕ್ಕೇ ಹತ್ತಿರ ಹತ್ತಿರ 15 ಮಿ.ಮೀ. ವ್ಯತ್ಯಾಸ. ಕ್ಯಾಂಬರ್ ಲೆಕ್ಕದಲ್ಲಿ ಅದು ಅರ್ಧ ಡಿಗ್ರಿಗಿಂತ ಜಾಸ್ತಿ. ಮನೆ ಕಟ್ಟಿದಾಗ ಉಳಿದ ಟೈಲ್ಸ್ ಮತ್ತು ಪ್ಲೈವುಡ್ ಚೂರು ಪೇರಿಸಿ ನಾಲ್ಕು ಚಕ್ರದ ಜಾಗವನ್ನೂ ಒಂದೇ ಮಟ್ಟಕ್ಕೆ ತಂದೆ. ಜಾಗಕ್ಕೆ ಪೇಂಟ್ ಗುರುತು ಹಾಕಿದ್ದೇನೆ. ಮುಂದಿನ ಚಕ್ರದ ಕೆಳಗೆ ಎರಡು ತಗಡು, ಮಧ್ಯೆ ಗ್ರೀಸ್. ಚಕ್ರ ಸಲೀಸಾಗಿ ತಿರುಗಲು ಅಂಗಡಿಯಲ್ಲಿ ಇಡುವ ಟರ್ನ್ ಪ್ಲೇಟ್ ಇಲ್ಲ ಅಂತ ಅಳುವವರು ಇದನ್ನು ಮಾಡಿ ನೋಡಿ.

ಸೀಟಿನ ಮೇಲೆ ನನ್ನ ಭಾರ ಬೇಕಲ್ಲ? 50 ಕೆಜಿಯ ರೋಬಸ್ಟಾ ಚೆರ್ರಿ ಮೂಟೆ ಒಂದು, ಮೇಲೆ ಕರಿಮೆಣಸಿನ ಅರ್ಧ ಮೂಟೆ. ಟ್ಯಾಂಕ್ ಅರ್ಧ. ಆ ವಾರ ಮೆಣಸಿನ ರೇಟ್ ಚೆನ್ನಾಗಿತ್ತು. ಡ್ರೈವರ್ ಸೀಟಿನಲ್ಲಿ ನನಗಿಂತ ಬೆಲೆಬಾಳುವವರು ಕೂತಿದ್ದರು ಅಂತ ಮನೆಯವಳು ಇವತ್ತಿಗೂ ಹೇಳುತ್ತಾಳೆ.

ಎರಡು ಜಿಐ ಪೈಪ್, ಎರಡಕ್ಕೂ ಒಂದೇ ಅಳತೆಯಲ್ಲಿ ಅರದಿಂದ ಕಚ್ಚು. ಕಾರಿನ ಮುಂದೊಂದು ಹಿಂದೊಂದು ಇಟ್ಟು, ಎರಡೂ ಬದಿಗೆ ಗಾಳದ ದಾರ ಬಿಗಿದೆ. ಹಬ್‌ನ (ಚಕ್ರ ಕೂರುವ ಗುಂಬ) ನಡುವಿನಿಂದ ದಾರಕ್ಕೆ ಇರುವ ದೂರ ಎಡ ಬಲ ಸಮ ಬರಬೇಕು. ಮುಂದೆ ಹಿಂದೆ ಟ್ರ್ಯಾಕ್, ಅಂದರೆ ಎಡ ಬಲ ಚಕ್ರಗಳ ನಡುವಿನ ದೂರ, ಒಂದೇ ಇರುವುದಿಲ್ಲ, ಹಾಗಾಗಿ ಮುಂದಿನದೂ ಹಿಂದಿನದೂ ಒಂದೇ ಆಗಬೇಕಿಲ್ಲ. ಇದನ್ನು ನೋಡಿ ನಮ್ಮ ಬಾವ, ‘ಗದ್ದೆಯಲ್ಲಿ ದಾರ ಹಿಡಿದು ನಾಟಿ ಮಾಡಿದ ಹಾಗೆ ಉಂಟಲ್ಲ ಮಾರಾಯ’ ಅಂದರು. ಇರಲಿ. ರಿಮ್ಮಿನ ಮುಂದಿನ ಅಂಚೂ ಹಿಂದಿನ ಅಂಚೂ ದಾರದಿಂದ ಎಷ್ಟು ದೂರ ಅಂತ ಅಳೆದರೆ, ಆ ವ್ಯತ್ಯಾಸವೇ ಟೋ. 16 ಇಂಚಿನ ರಿಮ್ಮಿನ ಅಂಚಿನಿಂದ ಅಂಚಿಗೆ ಸುಮಾರು 43 ಸೆಂ.ಮೀ. ಅಲ್ಲಿ 1 ಮಿ.ಮೀ. ಅಂದರೆ 8 ಮಿನಿಟ್ ಕೋನ (ಒಂದು ಡಿಗ್ರಿಗೆ 60 ಮಿನಿಟ್). ಅರ್ಧ ಮಿಲಿಮೀಟರ್ ಕಣ್ಣಿಗೆ ಸಲೀಸಾಗಿ ಕಾಣುತ್ತದೆ. ನನಗೆ ಅಷ್ಟು ಸಾಕು.

ಅಳೆದಾಗ ಪ್ರಿಂಟ್‌ನಲ್ಲಿ ಇದ್ದದ್ದೇ ಬಂತು. ಅಂಗಡಿಯ ಮಿಷನ್ ಸುಳ್ಳು ಹೇಳಿರಲಿಲ್ಲ. ಅದನ್ನು ಓದುವವರು ಇರಲಿಲ್ಲ.

ಕ್ಯಾಂಬರ್ ಎರಡು ಕಡೆ ಯಾಕೆ ಬೇರೆ ಬೇರೆ? ಹಳೇ ಬಿಲ್‌ಗಳಲ್ಲಿ ಉತ್ತರ ಇತ್ತು. ಹಿಂದಿನ ಮಾಲೀಕರು ಕ್ಲಚ್ ಬದಲಿಸಿದ್ದರು. ಆಗ ಸಬ್‌ಫ್ರೇಮ್ (ಲೋವರ್ ಆರ್ಮ್‌ಗಳು ಕೂರುವ ಕೆಳಗಿನ ಚೌಕಟ್ಟು) ಇಳಿಸಿ, ಮತ್ತೆ ಏರಿಸುವಾಗ ನಡುವಿಗೆ ತರದೆ ಹಾಗೇ ಬಿಗಿದಿದ್ದಾರೆ. ಬೋಲ್ಟ್ ತಲೆಯ ಹಳೇ ಗುರುತು ಪಕ್ಕದಲ್ಲೇ ಕಾಣುತ್ತಿತ್ತು. ಸಡಿಲಿಸಿ, ಹಾರೆಯಲ್ಲಿ ಮೀಟಿ ಎಡಕ್ಕೆ ತಂದೆ. ನಾಲ್ಕು ಮಿಲಿಮೀಟರ್ ಇರಬೇಕು, ಅಷ್ಟೇ. ಎರಡೂ ಕಡೆ ಮೈನಸ್ 0.7ಕ್ಕೆ ಬಂತು. ಒಂದು ಪೈಸೆ ಖರ್ಚಿಲ್ಲ! ಕ್ಯಾಸ್ಟರ್ (ಪಕ್ಕದಿಂದ ನೋಡಿದಾಗ ಚಕ್ರ ತಿರುಗುವ ಅಕ್ಷದ ಓರೆ) ಎರಡೂ ಕಡೆ ಹೆಚ್ಚುಕಡಿಮೆ ಸಮ ಇತ್ತು, ಮುಟ್ಟಲಿಲ್ಲ. ಆಮೇಲೆ ತಿರುವಿನಲ್ಲಿ ಹಿಡಿತ ಹೆಚ್ಚಲಿ ಅಂತ, ಸ್ಟ್ರಟ್ (ಸ್ಪ್ರಿಂಗ್ ಇರುವ ಶಾಕ್ ಅಬ್ಸಾರ್ಬರ್) ಚಕ್ರದ ಕಡೆ ಸೇರುವಲ್ಲಿನ ಮೇಲಿನ ಬೋಲ್ಟ್ ತೆಗೆದು, ಓರೆ ಬದಲಿಸುವ ಕ್ಯಾಂಬರ್ ಬೋಲ್ಟ್ ಹಾಕಿ ಮೈನಸ್ 1.5ಕ್ಕೆ ಇಳಿಸಿದೆ. ಜೋಡಿಗೆ ಎರಡೂವರೆ ಸಾವಿರ. ಕ್ಯಾಂಬರ್ ಮುಟ್ಟಿದರೆ ಟೋ ಓಡಿಹೋಗುತ್ತದೆ, ಹಾಗಾಗಿ ಟೋ ಕೊನೆಗೆ.

ಹಿಂದಿನ ಬೀಮ್‌ಗೆ ಅಡ್ಜಸ್ಟ್ ಇಲ್ಲ ಅಂದರಲ್ಲ, ಹಬ್ ಮತ್ತು ಬೀಮ್ ನಡುವೆ ಶಿಮ್ (ತೆಳು ಲೋಹದ ಬಿಲ್ಲೆ) ಕೂರಿಸಲು ಜಾಗ ಇದೆ. ಕುಶಾಲನಗರದ ಒಬ್ಬ ಲೇತ್ ಮೇಸ್ತ್ರಿ ಓರೆ ಶಿಮ್ ಮಾಡಿಕೊಟ್ಟರು, ಒಂದೂವರೆ ಸಾವಿರಕ್ಕೆ. ಮೊದಲು ಮಾಡಿದ್ದು ದಪ್ಪ ಜಾಸ್ತಿಯಾಗಿ, ಚಕ್ರದ ಸೆನ್ಸರ್ ಸರಿಯಾಗಿ ಓದದೆ ಎಬಿಎಸ್ (ಬ್ರೇಕ್ ಲಾಕ್ ತಡೆ) ಲೈಟ್ ಹತ್ತಿಕೊಂಡಿತು. ಎರಡನೆಯದು ಸರಿಯಾಗಿ ಕೂತಿತು. ಅದರ ಓರೆ ಎಷ್ಟು, ಯಾವ ಕಡೆಗೆ ತಿರುಗಿಸಿ ಹಾಕಿದೆ, ಸೆನ್ಸರ್‌ಗೆ ಏನು ಮಾಡಿದೆ, ಇವು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಮುಂದಿನ ಸೀಸನ್ ಆಟೋಕ್ರಾಸ್ ಮುಗಿಯಲಿ.

ಕೆಲವು ಅಡ್ಡ ಪ್ರಯೋಗಗಳೂ ನಡೆದವು. ಮುಂದೆ ಒಟ್ಟು 1 ಮಿ.ಮೀ. ಟೋ–ಔಟ್ ಇಟ್ಟೆ. ಘಾಟ್‌ನಲ್ಲಿ ಬೆಣ್ಣೆ, ಹೆದ್ದಾರಿಯಲ್ಲಿ ಒಂದು ಕ್ಷಣ ಸ್ಟೀರಿಂಗ್ ಬಿಡುವ ಹಾಗಿಲ್ಲ. ವಾಪಸ್ ಸೊನ್ನೆಗೆ ತಂದೆ. ಹಿಂದಿನ ಟಯರ್‌ಗೆ 2 ಪಿಎಸ್‌ಐ ಜಾಸ್ತಿ ಹಾಕಿದೆ. ಒಣ ರಸ್ತೆಯಲ್ಲಿ ಮಜಾ, ಜುಲೈ ಮಳೆಯಲ್ಲಿ ಪೆರುಂಬಾಡಿ ಇಳಿಯುವಾಗ ಆಕ್ಸಿಲರೇಟರ್ ಬಿಟ್ಟರೆ ಹಿಂಭಾಗ ಮುಂದೆ ಬರಲು ನೋಡುತ್ತದೆ. ವೆಲ್ಡಿಂಗ್ ಶಾಪ್‌ನಲ್ಲಿ ಸ್ಟ್ರಟ್ ಬ್ರೇಸ್ (ಎರಡು ಸ್ಟ್ರಟ್ ತಲೆಗಳನ್ನು ಸೇರಿಸುವ ಸರಳು) ಮಾಡಿಸಿದೆ, ಎರಡು ಸಾವಿರ. ಏನೂ ವ್ಯತ್ಯಾಸ ಕಾಣಲಿಲ್ಲ. ಈಗ ಅದು ನಾಯಿಗೂಡಿನ ಬಾಗಿಲಿಗೆ ಅಗುಳಿ.

ಆರ್ಮ್, ಬೋಲ್ಟ್, ಶಿಮ್, ಕ್ಯಾಂಬರ್ ಅಳೆಯಲು ತಂದ ಆಂಗಲ್ ಗೇಜ್ ಎಲ್ಲ ಸೇರಿ ಹದಿನೈದು ಸಾವಿರದೊಳಗೆ ಮುಗಿಯಿತು. ನಾಯಿಗೂಡಿನ ಲೆಕ್ಕ ಬೇರೆ. ಹೊಸ ಟಯರ್ ಹಾಕಿ ಒಂಬತ್ತು ಸಾವಿರ ಕಿಲೋಮೀಟರ್ ಆಗಿರಬಹುದು. ಒಳಅಂಚಿಗೂ ಹೊರಅಂಚಿಗೂ ಅರ್ಧ ಮಿ.ಮೀ. ವ್ಯತ್ಯಾಸ ಇಲ್ಲ. ಸ್ಟೀರಿಂಗ್ ನೆಟ್ಟಗಿದೆ. ಮೊನ್ನೆ ಸುಮ್ನೆ ಒಂದು ಅಂಗಡಿಗೆ ಹೋಗಿ ಮಿಷನ್‌ಗೆ ಹಾಕಿಸಿದೆ, ಏನನ್ನೂ ಮುಟ್ಟಬೇಡಿ ಅಂತ ಮೊದಲೇ ಹೇಳಿ. ಎಡ ಬಲ ಅಂಕಿಗಳು ಜೋಡಿಯಾಗಿ ಬಂದವು. ಹುಡುಗ ಸ್ಕ್ರೀನ್ ನೋಡಿ, ‘ಎಲ್ಲಿ ಮಾಡಿಸಿದ್ರಿ ಸಾರ್?’ ಅಂದ. ಕಣದಲ್ಲಿ ಅಂದೆ. ಅವನಿಗೆ ಅರ್ಥವಾಗಲಿಲ್ಲ.

ನಕ್ಕವರಲ್ಲಿ ಇಬ್ಬರು ಈಗ ಕಾರು ತರುತ್ತೇವೆ ಅನ್ನುತ್ತಿದ್ದಾರೆ. ಬನ್ನಿ, ಬೇಡ ಅನ್ನುವುದಿಲ್ಲ. ಆದರೆ ಡಿಸೆಂಬರ್ ಕೊನೆಯಿಂದ ಕಣದಲ್ಲಿ ಕಾಫಿ ಒಣಗುತ್ತಿರುತ್ತದೆ, ಅಷ್ಟರೊಳಗೆ ಬನ್ನಿ. ಸೀಟಿಗೆ ಮೂಟೆ ನೀವೇ ತನ್ನಿ.